ಮೊಮ್ಮಗಳ ಸ್ಕಾಲರ್‌ಶಿಪ್ಪೂ ಗ್ಯಾರೇಜಿನ ಎಮ್ಮೆಯೂ

ಮನೆಯಲ್ಲಿ ಒಬ್ಬರು ಟೀಚರ್ ಆಗಲು ಹೊರಟರೆ ಮಿಕ್ಕವರಿಗೆಲ್ಲ ದಿನಾ ಪರೀಕ್ಷೆ ನೋಡ್ರಿ. ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಈಗ ಈ ವಯಸ್ಸಿನಲ್ಲಿ ಎಲ್ಲ ಪರೀಕ್ಷೆಗೂ ಕೂರುತ್ತಿದ್ದೇನೆ, ಎಲ್ಲದರಲ್ಲೂ ಫೇಲಾಗುತ್ತಿದ್ದೇನೆ. ನಾನು ಹೇಳುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ತನ್ನ ಮರ್ಯಾದೆ ಹೋಗುವ ಕಡೆ ಪೆನ್ನು ನಿಲ್ಲಿಸುತ್ತಾಳೆ, ನನ್ನದು ಹೋಗುವ ಕಡೆ ಓಡಿಸುತ್ತಾಳೆ.

ನಮ್ಮದು ಹೂವಿನಹಡಗಲಿ. ಮಗ ಸೊಸೆ ಇಬ್ಬರೂ ಬೆಳಕು ಹರಿಯುವ ಮುಂಚೆ ಯಾರದೋ ತೋಟಕ್ಕೆ ಮಲ್ಲಿಗೆ ಬಿಡಿಸಲು ಹೋಗುತ್ತಾರೆ. ನಾನು ಕಟ್ಟೆ ಮೇಲೆ ಕೂತು ಮಾಲೆ ಕಟ್ಟುತ್ತೇನೆ. ಮೊಮ್ಮಗಳು ಹಗರಿಬೊಮ್ಮನಹಳ್ಳಿ ಬಸ್ ಹತ್ತಿ ಬಿ.ಎಡ್ ಓದಲು ಹೋಗುತ್ತಾಳೆ. ಸ್ಕಾಲರ್‌ಶಿಪ್ ಬಂದರೆ ಅವಳು ಟೀಚರ್. ಬರದಿದ್ದರೆ ನನ್ನ ಪಕ್ಕದಲ್ಲೇ ಅವಳಿಗೂ ಒಂದು ಹೂವಿನ ಬುಟ್ಟಿ. ಇಷ್ಟೇ ವಿಷಯ.

ಗುಟ್ಟಿನ ನಂಬರು

ಕಾಲೇಜಿನಲ್ಲಿ ಯಾರೋ ಮೊಬೈಲ್ ಕಳ್ಳರ ಬಗ್ಗೆ ಹೇಳಿದರಂತೆ. ಇವಳು ಮನೆಗೆ ಬಂದು ನನ್ನ ಕೈಹಿಡಿದು ಆಣೆ ಮಾಡಿಸಿದಳು. "ಅಜ್ಜಿ, ಫೋನಿಗೆ ಓಟಿಪಿ ಬಂದ್ರ ಯಾರಿಗೂ ಹೇಳಬ್ಯಾಡ. ದೇವರು ಬಂದು ಕೇಳಿದ್ರೂ ಹೇಳಬ್ಯಾಡ."

ವಾರ ಕಳೆಯಿತು. ಕಂಪ್ಯೂಟರ್ ಅಂಗಡಿಯಿಂದ ಫೋನು. "ಅಜ್ಜಿ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಾಕತ್ತೀನಿ. ನಿನ್ನ ಫೋನಿಗೆ ಓಟಿಪಿ ಬಂದೈತಿ, ಲಗೂನ ಹೇಳು."

"ಯಾರವ್ವ ನೀನು?"

"ನಾನಜ್ಜಿ, ನಿನ್ನ ಮೊಮ್ಮಗಳು!"

"ಕಳ್ಳರೂ ಹಂಗ ಅಂತಾರ. ಮೊಮ್ಮಗಳಾದ್ರ ಹೇಳು, ನಮ್ಮ ಎಮ್ಮಿ ಯಾವ ಕಾಲ್ಲೆ ಒದಿತೈತಿ?"

"ಎಡಗಾಲು!"

"ಅದು ಓಣಿಗೆಲ್ಲ ಗೊತ್ತೈತಿ. ಬ್ಯಾರೆ ಏನಾದ್ರೂ ಹೇಳು."

ಅಷ್ಟರಲ್ಲಿ ಆ ನಂಬರಿನ ಆಯುಷ್ಯ ಮುಗಿದಿತ್ತು. ಮರುದಿನ ಫೋನಿನ ಜೊತೆ ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದಳು. ಅಕ್ಷರ ಬಾರದಿದ್ದರೂ ಅಂಕಿ ಬಲ್ಲೆ ನಾನು. ನಂಬರು ಬಂತು. ಅಂಗಡಿಯವನನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, ಮೊಮ್ಮಗಳ ಕಿವಿಯಲ್ಲಿ ಮೆಲ್ಲಗೆ ಹೇಳಿದೆ.

ಅವಳು ಅದನ್ನೇ ಗಟ್ಟಿಯಾಗಿ ಕೂಗಿ ಅವನಿಗೆ ಹೇಳಿದಳು!

ಕಟ್ಟೆ ಶಾಲೆ

ಸ್ಕಾಲರ್‌ಶಿಪ್ಪಿನವರು ಕರೆದು ಪಾಠ ಮಾಡಿಸಿ ನೋಡುತ್ತಾರಂತೆ. ಅದಕ್ಕೆ ಮೊಮ್ಮಗಳು ಕಟ್ಟೆ ಮೇಲೆ ಹೂವು ಕಟ್ಟುವ ನಮ್ಮ ಮೇಲೇ ಪಾಠ ಮಾಡುವುದನ್ನು ಕಲಿಯತೊಡಗಿದಳು. ನಾವು ನಾಲ್ಕು ಜನ 'ಮಕ್ಕಳು'. ನಾಲ್ವರಲ್ಲಿ ಇಬ್ಬರಿಗೆ ಹಲ್ಲಿಲ್ಲ.

"ಉತ್ತರ ಗೊತ್ತಿದ್ದೋರು ಕೈ ಎತ್ರಿ" ಅಂದಳು. ನಾವು ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟುವವರು. ಹುಮ್ಮಸ್ಸಿಗೆ ಎಲ್ಲರೂ ಎರಡೂ ಕೈ ಎತ್ತಿದೆವು. ಕಟ್ಟಿದ ಹೂವೆಲ್ಲ ಸಡಿಲಾಗಿ ಮಡಿಲಿಗೆ ಬಿತ್ತು.

ಎದುರುಮನೆ ಮೆಕ್ಯಾನಿಕ್‌ನ ಹೆಂಡತಿಗೆ ಮಾತು ಜಾಸ್ತಿ. ನಮ್ಮ ಟೀಚರಮ್ಮ ಕಣ್ಣು ದೊಡ್ಡದು ಮಾಡಿದಳು. "ಚಾಚಿ, ಕ್ಲಾಸಿನಾಗ ಮಾತಾಡ್ತೀರೇನು? ಎದ್ದು ನಿಲ್ರಿ!" ಆಕೆ ನಿಂತಳು. ಅದೇ ಹೊತ್ತಿಗೆ ಅವಳ ಗಂಡ ಮನೆಗೆ ಅಂಟಿದ ಗ್ಯಾರೇಜಿನಿಂದ ಊಟಕ್ಕೆ ಬಂದ.

"ಯಾಕ ನಿಂತಿ? ಬಾ, ಊಟಕ್ಕ ಹಾಕು."

"ನಾ ಸಾಲ್ಯಾಗ ಅದೀನಿ. ಟೀಚರ್ ಬಿಡೋತನ ಬರಂಗಿಲ್ಲ. ನೀವ ಹಾಕ್ಕೊಂಡು ಉಣ್ರಿ."

ಪಾಪ, ಅವನು ಹಾಕಿಕೊಂಡು ಉಂಡ. ಮರುದಿನದಿಂದ ದಿನಾ ಊಟದ ಹೊತ್ತಿಗೆ ಸರಿಯಾಗಿ ಆಕೆ ಬಂದು ನಿಂತುಬಿಡುತ್ತಿದ್ದಳು. ಕೂತ್ಕೊಳ್ಳಿ ಅಂದರೂ ಕೂರುತ್ತಿರಲಿಲ್ಲ!

ನೋಡಲು ಬಂದವರು

ಒಂದು ಮಧ್ಯಾಹ್ನ ಓಣಿಯಲ್ಲಿ ಜೀಪು ನಿಂತಿತು. ಇಸ್ತ್ರಿ ಬಟ್ಟೆಯ ಇಬ್ಬರು ಗಂಡಸರು, ಒಬ್ಬ ಹೆಣ್ಣುಮಗಳು. "ಬಿ.ಎಡ್ ಓದೋ ಹುಡುಗಿ ಮನಿ ಇದೇನ್ರಿ?" ಅಂದರು. ನಮ್ಮ ಕಡೆ ಮೂರು ಜನ ಇಸ್ತ್ರಿ ಬಟ್ಟೆಯಲ್ಲಿ ಬಂದು ಹುಡುಗಿ ಮನೆ ಕೇಳಿದರೆ ಇನ್ನೇನು? ಕನ್ಯೆ ನೋಡಲಿಕ್ಕೆ! ಮೊಮ್ಮಗಳು ಮಾಲೆ ಕೊಡಲು ಪೇಟೆಗೆ ಹೋಗಿದ್ದಳು. ನಾನು ಹಿತ್ತಲಿನಿಂದ ಓಡಿ ಓಣಿಯವರಿಗೆಲ್ಲ ಸುದ್ದಿ ಮುಟ್ಟಿಸಿದೆ. ಮೂಲೆಮನೆಯಿಂದ ಕುರ್ಚಿ ಬಂದವು, ಗ್ಯಾರೇಜಿನಿಂದ ಫ್ಯಾನು ಬಂತು, ಮೆಕ್ಯಾನಿಕ್‌ನ ಹೆಂಡತಿಯ ಸರ ನನ್ನ ಕೊರಳಿಗೆ ಬಂತು.

"ಮಲ್ಲಿಗಿ ತೋಟ ನಿಮ್ದೇನ್ರಿ?" ಹೆಣ್ಣುಮಗಳು ಕೇಳಿದಳು.

"ನಮ್ದಲ್ದ ಯಾರ್ದ್ರಿ? ಕಣ್ಣಿಗೆ ಕಂಡಷ್ಟೂ ನಮ್ದ."

ಮೆಕ್ಯಾನಿಕ್‌ನ ಹೆಂಡತಿ ಸುಮ್ಮನಿರಬೇಕಲ್ಲ? "ಆ ಬೈಕೂ ಇವರ್ದರಿ" ಅಂದಳು. ಅದು ರಿಪೇರಿಗೆ ಬಂದ ಯಾರದೋ ಬೈಕು. ಹೆಣ್ಣುಮಗಳು ಎಲ್ಲ ಬರೆದುಕೊಂಡಳು.

ಮೊಮ್ಮಗಳು ಬಂದಳು. ಬಾಗಿಲಲ್ಲೇ ಅವಳ ಮುಖ ಸುಣ್ಣವಾಯಿತು. "ಅಜ್ಜಿ! ಇವರು ಸ್ಕಾಲರ್‌ಶಿಪ್ಪಿನವರು, ನನ್ನ ಪಾಠ ನೋಡಿದವರು. ನಾವು ಬಡವರು ಹೌದೋ ಅಲ್ಲೋ ನೋಡಾಕ ಬಂದಾರ!"

ನಾನು ಕೊರಳಿನ ಸರ ಕಿತ್ತು ಕೈಯಲ್ಲಿ ಹಿಡಿದೆ. "ಯಾವುದೂ ನಮ್ದಲ್ರಿ, ತೋಟನೂ ಅಲ್ಲ, ಸರನೂ ಅಲ್ಲ" ಅಂದೆ. ಬಂದವರು ಮುಖ ಮುಖ ನೋಡಿಕೊಂಡರು. ಸುಳ್ಳನ್ನು ನಂಬಿದವರು ನಿಜವನ್ನು ನಂಬಲಿಲ್ಲ. ಹೋಯಿತು, ಹುಡುಗಿಯ ಓದು ನನ್ನ ಬಾಯಿಂದಲೇ ಹೋಯಿತು ಅಂದುಕೊಂಡೆ.

ಆಗ ಬೈಕಿನವನು ಬಂದು ಕಿಕ್ ಹೊಡೆದು ಹೊರಟೇಹೋದ. ಮೆಕ್ಯಾನಿಕ್ ಬಂದು, "ಶೆಕಿ ತಡಿಯಾಕಾಗವಲ್ದು ಅಜ್ಜಿ" ಅಂತ ಫ್ಯಾನು ಕಿತ್ತುಕೊಂಡ. ಮೂಲೆಮನೆ ಸೊಸೆ ಬಂದು, "ಎದ್ದೇಳ್ರಿ, ನಮ್ಮನಿಗೂ ಬೀಗರು ಬಂದಾರ" ಅಂತ ಬಂದವರನ್ನೇ ಎಬ್ಬಿಸಿ ಕುರ್ಚಿ ಎತ್ತಿದಳು. ಮೂವರೂ ಚಾಪೆ ಮೇಲೆ ಕೂತರು. ಹೆಣ್ಣುಮಗಳಿಗೆ ನಗು ತಡೆಯಲಿಲ್ಲ.

"ಅಜ್ಜಿ, ಈ ಚಾಪಿನಾದ್ರೂ ನಿಮ್ದೇನು?"

"ಚಾಪಿ ನಮ್ದರಿ, ಆರಾಮ ಕೂಡ್ರಿ. ಆದ್ರ ಚಾದ ಸಕ್ಕರಿ ಅವರ್ದು!"

ಹಿಂದಿನ ಮಾತೆಲ್ಲ ಕಾಟು ಹೊಡೆದು ಹೊಸದಾಗಿ ಬರೆದುಕೊಂಡರು. ಸ್ಕಾಲರ್‌ಶಿಪ್ ಬಂತು. ಹೋಗುವಾಗ, "ಎರಡನೇ ವರ್ಷಕ್ಕ ಮತ್ತ ಬಂದು ನೋಡ್ತೀವಿ" ಅಂದಿದ್ದರು. ಅದೊಂದು ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ಮತ್ತೆ ಬಂದವರು

ವರ್ಷ ತಿರುಗಿತು. ಓಣಿ ಬಾಯಿಗೆ ಮತ್ತೆ ಜೀಪು, ಮತ್ತೆ ಮೂರು ಜನ ಇಸ್ತ್ರಿ ಬಟ್ಟೆ. ಈ ಸಲ ಮೋಸ ಹೋಗುತ್ತೇನೆಯೇ? ಅವರು ಮನೆ ವಿಚಾರಿಸುತ್ತ ಬರುವುದರೊಳಗೆ ನನ್ನ ಮಂಚ, ಮಿಕ್ಸಿ, ತಾಮ್ರದ ಹಂಡೆ ಎಲ್ಲ ಹಿತ್ತಲಿನಿಂದ ಎದುರುಮನೆ ಸೇರಿದವು. ಎಮ್ಮೆಯನ್ನು ಗ್ಯಾರೇಜಿನಲ್ಲಿ ಸ್ಕೂಟರ್‌ಗಳ ನಡುವೆ ಕಟ್ಟಿಸಿದೆ. ಹರಕು ಸೀರೆ ಉಟ್ಟು ಕೂತೆ. ಮೊಮ್ಮಗಳು ಒಳಗೆ ಓದುತ್ತಿದ್ದಳು; ಬಂದವರ ಮುಖ ಹೊಸವು, ಈ ಸಲ ಬೇರೆಯವರನ್ನು ಕಳಿಸಿದ್ದಾರೆ ಅಂದುಕೊಂಡೆ.

"ಬಂಗಾರ ಏನಾದ್ರೂ ಐತೇನ್ರಿ?" ಹಿರಿಯರೊಬ್ಬರು ಕೇಳಿದರು.

"ಬಂಗಾರದ ಬಣ್ಣ ಸೈತ ಮರತೀನ್ರಿ ಯಪ್ಪಾ."

"ಹುಡುಗಿಗೆ ಅಡಿಗಿ ಬರ್ತೈತೇನು?"

ಸ್ಕಾಲರ್‌ಶಿಪ್ಪಿಗೆ ಅಡುಗೆ ಯಾಕೆ? ಹೊಸ ಕಾನೂನು ಇರಬೇಕು ಅಂದುಕೊಂಡೆ. "ಮನ್ಯಾಗ ಕಾಳಿದ್ರ ತಾನ ಅಡಿಗಿ ಕಲಿಯೋದು?"

ಅಷ್ಟರಲ್ಲಿ ಎದುರಿನಿಂದ 'ಅಂಬಾ' ಅಂತು.

"ಎಮ್ಮಿ ಕೂಗಿದಂಗಾತಲ್ರಿ?"

"ಅದು ಗ್ಯಾರೇಜಿಂದರಿ."

"ಗ್ಯಾರೇಜಿನಾಗ ಎಮ್ಮಿ?"

"ರಿಪೇರಿಗೆ ಬಂದೈತ್ರಿ!"

ಮೂವರೂ ಒಟ್ಟಿಗೇ ಎದ್ದರು. ನೀರು ಸಹ ಕುಡಿಯಲಿಲ್ಲ. ನಾನು ಬಾಗಿಲ ತನಕ ಹೋಗಿ ಕೈಮುಗಿದು ಕೂಗಿದೆ, "ಎರಡನೇ ವರ್ಷದ್ದು ಲಗೂನ ಹಾಕಸ್ರೀ!"

ಸಂಜೆ ಮಗ ಬಂದ. "ಅವ್ವಾ, ಕೊಟ್ಟೂರಿನವರು ಕನ್ಯಾ ನೋಡಾಕ ಬರ್ತೀವಿ ಅಂದಿದ್ರು. ಬಂದಿದ್ರೇನು? ಮದುವಿ ಆದ ಮ್ಯಾಲ ಓದ್ಸಂಗಿಲ್ಲ ಅಂದಾರ, ಆದ್ರೂ ಮನಿತನ ಚಲೋದು."

ನನ್ನ ಕೈಯಲ್ಲಿದ್ದ ಮಾಲೆ ಜಾರಿತು. ತಿರುಗಿ ನೋಡಿದರೆ ಮೊಮ್ಮಗಳು ಬಾಗಿಲ ಹಿಂದೆ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಲೇ, ನಿನಗ ಗೊತ್ತಿತ್ತೇನ?"

"ಅಡಿಗಿ ಕೇಳಿದಾಗ ಗೊತ್ತಾತಜ್ಜಿ. ಆದ್ರ ನೀ ಅಷ್ಟು ಚಂದ ಪಾಠ ಹೇಳಾಕತ್ತಿದ್ದಿ, ನಡುವ ಬಾಯಿ ಹಾಕಬಾರದಂತ ಸುಮ್ಮನಾದೆ." ಆಮೇಲೆ ಎದುರುಮನೆಗೆ ಕೂಗಿದಳು, "ಚಾಚೀ, ಮಂಚ, ಹಂಡೆ, ಎಮ್ಮಿ ಎಲ್ಲಾ ನನ್ನ ಬಿ.ಎಡ್ ಮುಗಿಯೋತನ ಅಲ್ಲೇ ಇರಲಿ. ಇನ್ನೂ ಯಾರ್ಯಾರು ನೋಡಾಕ ಬರ್ತಾರೋ!"

ಗ್ಯಾರೇಜಿನಿಂದ ಮೆಕ್ಯಾನಿಕ್ ಎಮ್ಮೆಯ ಹಗ್ಗ ಹಿಡಿದೇ ಓಡಿ ಬಂದ. "ಬ್ಯಾಡ ಟೀಚರಮ್ಮ! ಮಂಚ ಇಟ್ಕೊಂತೀನಿ. ಎಮ್ಮಿ ಮಾತ್ರ ಒಯ್ರಿ. ರಿಪೇರಿಗೆ ಬಂದ ನಿಮ್ಮ ಎಮ್ಮಿ ಒಂದು ಸ್ಕೂಟರಿನ ಸೀಟು ತಿಂದು, ಇನ್ನೊಂದಕ್ಕ ಎಡಗಾಲ್ಲೆ ಕಿಕ್ ಹೊಡದೈತಿ!"