ಊಟದ ಮೇಜಿನ ಶಾಖಾ ಕಚೇರಿ

ತೂಕ ಮತ್ತು ಅಳತೆ ಇಲಾಖೆಯ ಕಟ್ಟಡದ ಛಾವಣಿಯು ಕೆಲಸದ ವೇಳೆಯಲ್ಲಿ ಸಿಬ್ಬಂದಿಯ ಮೇಲೆ ಉದುರುವುದು ನಿಯಮಕ್ಕೆ ವಿರುದ್ಧವಾದ್ದರಿಂದ, ದುರಸ್ತಿ ಮುಗಿಯುವವರೆಗೆ ಸಿಬ್ಬಂದಿಯೆಲ್ಲರೂ ತಮ್ಮ ತಮ್ಮ ಮನೆಗಳಿಂದಲೇ ಕೆಲಸ ಮಾಡತಕ್ಕದ್ದೆಂದು ಆದೇಶವಾಯಿತು. ಛಾವಣಿ ಮಾತ್ರ ಎಂದಿನಂತೆ ಕಚೇರಿಯಲ್ಲೇ ತನ್ನ ಕೆಲಸ ಮುಂದುವರಿಸಿತು.

ಆದೇಶ ಕೈಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಹಿರಿಯ ಗುಮಾಸ್ತರು. ಊರಿನ ಅಂಗಡಿಗಳ ತಕ್ಕಡಿಗಳಿಗೆಲ್ಲ ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ಸೀಸದ ಮುದ್ರೆ ಬೀಳಬೇಕು. ಯಾರದ್ದಕ್ಕೆ ಬಿದ್ದಿದೆ, ಯಾರದ್ದಕ್ಕೆ ಬಿದ್ದಿಲ್ಲ ಎಂದು ನೋಡಿಕೊಳ್ಳುವುದು ಅವರ ಕೆಲಸ. ಆ ಕೆಲಸಕ್ಕಾಗಿ ಅಷ್ಟು ವರ್ಷ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ ಬಂದವರಿಗೆ ಈಗ ಮಂಚದಿಂದ ಊಟದ ಮೇಜಿನವರೆಗೆ ನಡೆದರೆ ಸಾಕಾಗಿತ್ತು. ಅವರಿಗೆ ಒಬ್ಬಳೇ ಮಗಳು. ಕೂತಲ್ಲಿ ಕೂರದವಳಾದ್ದರಿಂದ ಚೂಟಿ ಎಂಬ ಅಡ್ಡಹೆಸರು. ಅವಳಿಗೆ ಕೊಡಿಸಿದ್ದ ಸೈಕಲ್ಲು ಸೀಟಿನ ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಬಾಗಿಲ ಪಕ್ಕ ನಿಂತಿತ್ತು. ಇನ್ನು ಮೇಲೆ ದಿನಾ ಸಂಜೆ ಸೀಟು ಹಿಡಿದುಕೊಂಡು ಹಿಂದೆ ಓಡಿ ಬರುತ್ತೇನೆಂದು ಗುಮಾಸ್ತರು ಮಾತು ಕೊಟ್ಟರು. ಚೂಟಿ ಅಂದಿನಿಂದ ಸಂಜೆಯಾದರೆ ಸಾಕು, ಸ್ಟ್ಯಾಂಡು ಹಾಕಿದ ಸೈಕಲ್ಲನ್ನು ಹತ್ತಿ ಕೂತು ಗಾಳಿಯಲ್ಲೇ ಪೆಡಲು ತುಳಿಯುತ್ತ ಅಪ್ಪನಿಗೆ ಕಾಯತೊಡಗಿದಳು.

ಆದರೆ ಮನೆಗೆ ಬಂದ ಕೆಲಸ ನೆಂಟರಂತೆ ಎರಡು ದಿನ ಮೂಲೆಯಲ್ಲಿ ಕೂತು, ಮೂರನೆಯ ದಿನ ಕಾಲು ಚಾಚಿತು. ಇಲಾಖೆಯ ಮುಖ್ಯಸ್ಥರಾದ ನಿಯಂತ್ರಕರು, ಗುಮಾಸ್ತರು ಬಾಯಿಗೆ ತುತ್ತಿಡುವ ಹೊತ್ತಿಗೆ ಸರಿಯಾಗಿ ಫೋನು ಮಾಡಿ, 'ಒಂದೇ ನಿಮಿಷ' ಎಂದು ಶುರುಮಾಡುತ್ತಿದ್ದರು. ಆ ನಿಮಿಷ ಮುಗಿಯುವಷ್ಟರಲ್ಲಿ ಎಂಜಲು ಕೈ ಒಣಗಿರುತ್ತಿತ್ತು, ಬೀದಿದೀಪ ಹತ್ತಿರುತ್ತಿತ್ತು. ಗುಮಾಸ್ತರ ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ಜೋರಾಗಿ ಮಾತಾಡುವ ಅಭ್ಯಾಸವಿಲ್ಲ. ನೀವು ಕಚೇರಿಗೆ ಹೋಗುತ್ತಿದ್ದಾಗಲೇ ಹೆಚ್ಚು ಹೊತ್ತು ಮನೆಯಲ್ಲಿರುತ್ತಿದ್ದಿರಿ ಎಂದಷ್ಟೇ ಅವರು ಮೆಲ್ಲಗೆ ಹೇಳಿದರು.

ಆ ಮಾತು ಗುಮಾಸ್ತರಿಗೆ ನಾಟಿತು. ವಾರದ ವಿಡಿಯೋ ಸಭೆಯಲ್ಲಿ, ಸಂಜೆ ಒಂದು ಗಂಟೆಯ ಹೊತ್ತು ಫೋನು ಬರದಂತೆ ಏನಾದರೂ ಮಾಡಬಹುದೇ ಎಂದು ಬಾಯಿ ತಪ್ಪಿ ಕೇಳಿಬಿಟ್ಟರು. ನಿಯಂತ್ರಕರಿಗೆ ಕೋಪವೇನೂ ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವರಿಗೆ ಆಸಕ್ತಿ ಬಂತು. ಅಂಗಡಿಯವನ ತಕ್ಕಡಿ ಕೂದಲೆಳೆಯಷ್ಟು ವಾಲಿದರೆ ಕೇಸು ಹಾಕುವ ನಾವು, ನಮ್ಮ ಸಿಬ್ಬಂದಿಯ ಕೆಲಸ ಮತ್ತು ಬದುಕಿನ ತಕ್ಕಡಿಗೆ ಇಷ್ಟು ದಿನ ಮುದ್ರೆಯನ್ನೇ ಹಾಕಿಲ್ಲವಲ್ಲ ಎಂದು ಅವರು ನೊಂದುಕೊಂಡರು. ಮಾರನೆಯ ದಿನವೇ ಸುತ್ತೋಲೆ ಹೊರಟಿತು.

'ಪ್ರತಿ ನೌಕರನ ಊಟದ ಮೇಜನ್ನು ಇಲಾಖೆಯ ಶಾಖಾ ಕಚೇರಿಯೆಂದು ಈ ಮೂಲಕ ಘೋಷಿಸಲಾಗಿದೆ. ಸದರಿ ಮೇಜಿನ ಸುತ್ತ ಹಳದಿ ಪಟ್ಟಿ ಅಂಟಿಸತಕ್ಕದ್ದು. ಪಟ್ಟಿಯ ಒಳಗಿರುವುದು ಕೆಲಸ, ಹೊರಗಿರುವುದು ಬದುಕು. ಏಕಕಾಲಕ್ಕೆ ಎರಡೂ ಕಡೆ ಕಾಲಿಡುವುದನ್ನು ನಿಷೇಧಿಸಿದೆ. ಪ್ರತಿ ಸಂಜೆ ಒಂದು ಗಂಟೆಯ ಕುಟುಂಬ ಅವಧಿಯನ್ನು ಕಡ್ಡಾಯವಾಗಿ ಪಾಲಿಸಿ, ಪಾಲಿಸಿದ ಬಗ್ಗೆ ಅದೇ ಅವಧಿಯೊಳಗೆ ಫೋಟೋ ಸಹಿತ ವರದಿ ಸಲ್ಲಿಸತಕ್ಕದ್ದು. ಕುಟುಂಬದವರು ನಕ್ಕಿದ್ದಲ್ಲಿ ಪ್ರತ್ಯೇಕವಾಗಿ ನಮೂದಿಸುವುದು.'

ಹಳದಿ ಪಟ್ಟಿ ಅಂಟಿಸಲು ಮುದ್ರೆ ಇನ್‌ಸ್ಪೆಕ್ಟರರು ಸ್ವತಃ ಬಂದರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳಿಗೆ ಸೀಸದ ಮುದ್ರೆ ಒತ್ತುವವರು ಅವರೇ; ಕಡ್ಡಿ ಮುರಿದಂಥ ಮಾತು, ಸೊಗಸಾದ ಮೀಸೆ. ಪಟ್ಟಿ ಅಂಟಿಸಿ ಮುಗಿದ ಮೇಲೆ ನೋಡಿದರೆ ಉಪ್ಪಿನ ಡಬ್ಬಿ ಕಚೇರಿಯೊಳಗೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಎತ್ತಿಕೊಳ್ಳಲು ಹೋದ ಗುಮಾಸ್ತರ ಹೆಂಡತಿಯನ್ನು ಇನ್‌ಸ್ಪೆಕ್ಟರರು ವಿನಯದಿಂದ ತಡೆದು, ಸಾರ್ವಜನಿಕರ ಭೇಟಿ ಮಧ್ಯಾಹ್ನದ ಮೇಲೆ ಎಂದರು. ಅಂದು ಆ ಮನೆಯಲ್ಲಿ ಎಲ್ಲರೂ ಸಪ್ಪೆ ಊಟ ಮಾಡಿ, ನಿಯಮ ಪಾಲಿಸಿದ ತೃಪ್ತಿಯಿಂದ ಕೈ ತೊಳೆದರು.

ಕುಟುಂಬ ಅವಧಿಯೂ ಶುರುವಾಯಿತು. ಫೋನು ನಿಜವಾಗಿಯೂ ಬರುತ್ತಿರಲಿಲ್ಲ. ಆದರೆ ವರದಿ ಕಳಿಸುವ ಆ್ಯಪ್ ತೆರೆದುಕೊಳ್ಳುವಷ್ಟರಲ್ಲಿ ಅರ್ಧ ಹೊತ್ತು ಕಳೆಯುತ್ತಿತ್ತು. ಓಟಿಪಿ ಬರುವುದು ತಡ, ಬಂದ ಓಟಿಪಿಯ ಆಯಸ್ಸು ಕಡಿಮೆ. ಫೋಟೋದಲ್ಲಿ ಎಲ್ಲರ ಹಲ್ಲು ಕಾಣಿಸುತ್ತಿಲ್ಲವೆಂದು ಅದು ತಿರುಗಿ ಬರುತ್ತಿತ್ತು. ಚೂಟಿ ಬಾಗಿಲಲ್ಲಿ ಬೆಲ್ಲು ಬಾರಿಸಿ ಬಾರಿಸಿ ಸಾಕಾಗಿ, ಒಂದು ಸಂಜೆ ಒಳಗೆ ಬಂದು ಹಳದಿ ಪಟ್ಟಿಯ ಅಂಚಿನಲ್ಲಿ ನಿಂತಳು.

"ಅಪ್ಪಾ, ಆಯ್ತಾ?"

"ನಿನ್ ಜೊತೆ ಕಾಲ ಕಳೀತಿದ್ದೀನಲ್ಲ ಮರಿ," ಎಂದರು ಗುಮಾಸ್ತರು, ಫೋನಿನಿಂದ ತಲೆಯೆತ್ತದೆ. "ಮಧ್ಯೆ ಬಂದು ತೊಂದರೆ ಕೊಡಬೇಡ."

ಚೂಟಿ ಅಳಲಿಲ್ಲ, ಹಟ ಮಾಡಲಿಲ್ಲ; ಸುಮ್ಮನೆ ಹೋಗಿ ಸೈಕಲ್ಲಿನ ಸೀಟಿನ ಪ್ಲಾಸ್ಟಿಕ್ಕನ್ನು ಉಗುರಲ್ಲಿ ಕೆರೆಯುತ್ತ ಕೂತಳು. ಏನಾದರಾಗಲಿ, ನಾಳೆ ವರದಿಯನ್ನು ಮೂಲೆಗೆಸೆದು ಸೀಟು ಹಿಡಿಯುವುದೇ ಸರಿ ಎಂದು ಗುಮಾಸ್ತರು ಗಟ್ಟಿ ಮನಸ್ಸು ಮಾಡಿದರು. ಅಷ್ಟು ಗಟ್ಟಿ ಮನಸ್ಸು ಅವರು ನೌಕರಿಗೆ ಸೇರಿದ ಮೇಲೆ ಮಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ವರ್ಗಾವಣೆ ಆದೇಶ ಬಂತು.

ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ, ಸಿಬ್ಬಂದಿಯೆಲ್ಲರಿಗೂ ಬಂದಿತ್ತು. ಊಟದ ಮೇಜು ಶಾಖಾ ಕಚೇರಿಯಾದ ಮೇಲೆ ಶಾಖಾ ಕಚೇರಿಯ ನಿಯಮಗಳೆಲ್ಲ ಅದಕ್ಕೆ ಅನ್ವಯಿಸಲೇಬೇಕಲ್ಲ. ಯಾವ ನೌಕರನೂ ಒಂದೇ ಶಾಖೆಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಬೇರೂರಬಾರದು. ಗುಮಾಸ್ತರೋ ಆ ಮನೆಯಲ್ಲಿ ಮದುವೆಯಾದಾಗಿನಿಂದ ಇದ್ದಾರೆ. ಹೆಂಡತಿ ಮಗಳೊಂದಿಗೆ ತೀರ ಸಲಿಗೆಯೂ ಬೆಳೆದಿದೆ. ಆದ್ದರಿಂದ ಅವರನ್ನು ಇಲಾಖೆಯ ಉಗ್ರಾಣಿಕರ ಊಟದ ಮೇಜಿಗೂ, ಉಗ್ರಾಣಿಕರನ್ನು ಇವರ ಊಟದ ಮೇಜಿಗೂ ವರ್ಗಾಯಿಸಲಾಗಿತ್ತು. ಗುಮಾಸ್ತರು ನಿಯಂತ್ರಕರಿಗೆ ಫೋನು ಮಾಡಿದರು.

"ಸಾರ್, ಅದು ನನ್ನ ಮನೆ."

"ಎಲ್ಲರೂ ಹಾಗೇ ಅಂತಾರೆ ಕಣ್ರೀ," ಎಂದರು ನಿಯಂತ್ರಕರು ಅಕ್ಕರೆಯಿಂದ. "ಒಂದೇ ಕಡೆ ಬಹಳ ದಿನ ಕೂತ್ರೆ ಅದೇ ನಮ್ಮನೆ ಅನ್ನಿಸಿಬಿಡುತ್ತೆ. ಅದಕ್ಕೇ ವರ್ಗಾವಣೆ ಅಂತ ಇರೋದು."

ಗುಮಾಸ್ತರಿಗೆ ಎದುರಾಡಿ ಗೊತ್ತಿಲ್ಲ. ಚಾರ್ಜು ಒಪ್ಪಿಸುವ ಕೆಲಸ ಅವರ ಮನೆಯಲ್ಲೇ ನಡೆಯಿತು. ಉಗ್ರಾಣಿಕರು ದಪ್ಪಗೆ, ಮೆತ್ತಗೆ ಇರುವ ಮನುಷ್ಯ. ಮೇಜು, ಕುರ್ಚಿ, ಉಪ್ಪಿನ ಡಬ್ಬಿಗಳನ್ನು ಮುಟ್ಟಿ ನೋಡಿ ಒಪ್ಪಿಕೊಂಡ ಮೇಲೆ, ಬಾಕಿ ಕೆಲಸ ಏನಾದರೂ ಇದೆಯೇ ಎಂದು ವಿಚಾರಿಸಿದರು. ಗುಮಾಸ್ತರು ಬಾಗಿಲ ಕಡೆ ನೋಡಿದರು. ಒಂದಿದೆ, ಮಗುವಿಗೆ ಸೈಕಲ್ಲು ಕಲಿಸುವುದು ಎಂದರು. ಉಗ್ರಾಣಿಕರು ತಲೆದೂಗಿ ತಮ್ಮ ಕಡೆಯಿಂದಲೂ ಒಂದು ಬಾಕಿ ಹೇಳಿದರು: ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ, ಬಸ್ಸು ಓಡಿಸುತ್ತಿದ್ದವರು, ಅವರ ಮಾತು ಕೇಳುವುದು ಬಹಳ ಕಾಲದಿಂದ ಹಾಗೇ ಉಳಿದಿದೆ. ಇಬ್ಬರೂ ಸಹಿ ಮಾಡಿ ಕೈ ಕುಲುಕಿದರು. ಕೆಲಸ ಮುಗಿದ ಮೇಲೆ ಮಲಗಲು ಮಾತ್ರ ಅವರವರ ಮನೆಗೆ ಮರಳಬಹುದಿತ್ತು.

ಇಲಾಖೆಯ ವಿಷಯ ತಿಳಿದವರಿಗೆ ಮುಂದಿನದು ಆಶ್ಚರ್ಯವಾಗಲಾರದು. ಸ್ವಂತ ಕೆಲಸವನ್ನು ಎಷ್ಟು ವರ್ಷ ಬೇಕಾದರೂ ಮುಂದೂಡಬಹುದು. ಹಿಂದಿನವರು ಬಿಟ್ಟುಹೋದ ಬಾಕಿಯನ್ನು ಹಾಗೆ ಮಾಡಲಾಗದು, ಅದಕ್ಕೆ ಮೆಮೊ ಬರುತ್ತದೆ. ಬಾಕಿ ತೀರಿಸುತ್ತಿರುವವರಿಗೆ ದಿನದ ವರದಿಯಿಂದಲೂ ವಿನಾಯಿತಿ. ಹೀಗಾಗಿ ಉಗ್ರಾಣಿಕರು ಸಂಜೆಯಾಗುತ್ತಲೇ ಪ್ಯಾಂಟು ಮಡಚಿ, ಸೀಟು ಹಿಡಿದು, ಏದುಸಿರು ಬಿಡುತ್ತ ಚೂಟಿಯ ಹಿಂದೆ ಓಡತೊಡಗಿದರು. ಆ ಕಡೆ ಗುಮಾಸ್ತರು ಪರರ ಊಟದ ಮೇಜಿನಲ್ಲಿ ಕೂತು, ಮಳೆಯಲ್ಲಿ ಬ್ರೇಕು ಹಿಡಿಯದ ಬಸ್ಸನ್ನು ತಾತ ಹೇಗೆ ನಿಲ್ಲಿಸಿದರೆಂಬುದನ್ನು ಗಲ್ಲಕ್ಕೆ ಕೈಯಿಟ್ಟು ಕೇಳಿದರು. ತಾತ ಖುಷಿಯಾಗಿ, ಈ ಜಾಗಕ್ಕೆ ಇಂಥ ಒಳ್ಳೆಯ ಮಗ ಹಿಂದೆಂದೂ ವರ್ಗವಾಗಿ ಬಂದಿರಲಿಲ್ಲ ಎಂದರು.

ಒಂದು ಮಧ್ಯಾಹ್ನ ಆ ಮನೆಯ ಕಿಟಕಿಯಾಚೆ ಬೆಲ್ಲು ಕೇಳಿಸಿತು. ಗುಮಾಸ್ತರು ಬಗ್ಗಿ ನೋಡಿದರೆ ಚೂಟಿ. ಸೈಕಲ್ಲಿನ ಹ್ಯಾಂಡಲಿಗೆ ಅವರ ಊಟದ ಡಬ್ಬಿ ನೇತುಹಾಕಿಕೊಂಡು, ಹಿಂದೆ ಯಾರೂ ಹಿಡಿಯದೆ, ತಾನೇ ತುಳಿದುಕೊಂಡು ಬಂದಿದ್ದಳು. ಗುಮಾಸ್ತರು ಧಡಕ್ಕನೆ ಎದ್ದವರು ಹಳದಿ ಪಟ್ಟಿ ನೋಡಿ ನಿಂತರು. ಪಟ್ಟಿಯೊಳಗಿಂದಲೇ ಕೈಚಾಚಿ ಕಿಟಕಿಯ ಸರಳಿನ ನಡುವಿಂದ ಡಬ್ಬಿ ತೆಗೆದುಕೊಳ್ಳುತ್ತ, ಬಿದ್ದೆಯಾ ಎಂದು ಕೇಳಿದರು.

"ಮೊದಮೊದಲು ಬಿದ್ದೆ. ಅಂಕಲ್ ಎತ್ತಿದ್ರು," ಎಂದಳು ಚೂಟಿ. "ನೀನು ನೋಡ್ತಿರು, ಒಂದು ರೌಂಡು ಹೊಡೀತೀನಿ."

ಅವಳು ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬಂದಳು. ಗುಮಾಸ್ತರಿಗೆ ಸಂತೋಷವಾಯಿತು. ಅದರ ಜೊತೆಗೇ ಅಸೂಯೆಯಾಯಿತು, ಒಮ್ಮೆಯಾದರೂ ಆ ಸೀಟನ್ನು ತಾವೇ ಹಿಡಿಯಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ತಾತ ಒಳಗಿಂದ, ಬಸ್ಸು ಇನ್ನೂ ಸೇತುವೆಯ ಮೇಲೆಯೇ ಇದೆ ಎಂದು ನೆನಪಿಸಿದರು. ಗುಮಾಸ್ತರು ಹೋಗಿ ಕೂತರು.

ವರ್ಷದ ಕೊನೆಗೆ ಮುದ್ರೆ ಇನ್‌ಸ್ಪೆಕ್ಟರರು ಗುಮಾಸ್ತರ ಮನೆಗೆ ಬಂದರು. ಪರೀಕ್ಷೆಗೆ ಮನೆಯವರೆಲ್ಲ ಹಾಜರಿರಬೇಕೆಂದು ಗುಮಾಸ್ತರಿಗೆ ಕೆಲಸದ ವೇಳೆಯಲ್ಲಿ ತಮ್ಮ ಮನೆಗೆ ಬರಲು ಅರ್ಧ ದಿನದ ಅನುಮತಿ ದೊರೆತಿತ್ತು. ಇನ್‌ಸ್ಪೆಕ್ಟರರು ಪೆಟ್ಟಿಗೆಯಿಂದ ಇಲಾಖೆಯ ಹಿತ್ತಾಳೆ ತಕ್ಕಡಿ ತೆಗೆದು ಊಟದ ಮೇಜಿನ ಮೇಲೆ ಇಟ್ಟರು. ಉಸಿರು ಬಿಗಿಹಿಡಿದು ಎಲ್ಲರೂ ನೋಡಿದರು. ಎರಡು ತಟ್ಟೆಗಳೂ ಸಮವಾಗಿ ನಿಂತವು.

"ತಟ್ಟೇಲಿ ಏನೂ ಇಟ್ಟೇ ಇಲ್ವಲ್ಲ?" ಎಂದರು ಗುಮಾಸ್ತರ ಹೆಂಡತಿ.

"ಏನಾದ್ರೂ ಇಟ್ರೆ ವಾಲುತ್ತಮ್ಮ," ಎಂದರು ಇನ್‌ಸ್ಪೆಕ್ಟರರು, ಮತ್ತು ಮುದ್ರೆ ಒತ್ತಿದರು.

ಕೆಲಸ ಮತ್ತು ಬದುಕಿನ ಸಮತೋಲನದಲ್ಲಿ ಇಲಾಖೆಯು ಮೊದಲ ಸ್ಥಾನ ಪಡೆದ ಸುದ್ದಿ ಅದೇ ವಾರ ಬಂತು. ಛಾವಣಿಯ ದುರಸ್ತಿಯೂ ಮುಗಿದಿತ್ತು. ಕಚೇರಿಗೆ ಮರಳುವವರು ಕೈಯೆತ್ತಿ ಎಂದು ನಿಯಂತ್ರಕರು ವಿಡಿಯೋ ಸಭೆಯಲ್ಲಿ ಕೇಳಿದಾಗ ಯಾರೂ ಕೈಯೆತ್ತಲಿಲ್ಲ. ಕಚೇರಿಗೆ ಹೋದರೆ ಸಂಜೆ ನಮ್ಮ ಮನೆಯವರನ್ನು ನೋಡಿಕೊಳ್ಳುವವರು ಯಾರು ಎಂದು ಉಗ್ರಾಣಿಕರು ಎಲ್ಲರ ಪರವಾಗಿ ಕೇಳಿದರು. ನ್ಯಾಯವಾದ ಮಾತೆಂದು ನಿಯಂತ್ರಕರು ಒಪ್ಪಿಕೊಂಡರು.

ಆ ಸಂಜೆ ಗುಮಾಸ್ತರು ಕೆಲಸ ಮುಗಿಸಿ ಮನೆಗೆ ಬಂದಾಗ ಉಗ್ರಾಣಿಕರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಇಬ್ಬರೂ ನಮಸ್ಕಾರ ವಿನಿಮಯ ಮಾಡಿಕೊಂಡರು. ಒಳಗೆ ಬಂದ ಗುಮಾಸ್ತರು ಕುರ್ಚಿಯಲ್ಲಿ ಕೂತು ಕಾಲು ನೀಡಿದರು. ಚೂಟಿ ಓಡಿ ಬಂದು ಅವರ ಮೊಣಕಾಲು ಹಿಡಿದುಕೊಂಡಳು.

"ಅಪ್ಪಾ, ನಂಗೆ ಈಜು ಕಲಿಸ್ತೀಯಾ?"

ಗುಮಾಸ್ತರು ಅವಳ ತಲೆ ಸವರಿದರು. ಮಗಳ ಮೇಲೆ ಅವರಿಗೆ ಪ್ರಾಣ. ಅವಳ ಯಾವ ಆಸೆಯೂ ಅರ್ಧಕ್ಕೆ ನಿಲ್ಲಬಾರದೆಂದು ಈಗೀಗ ಅವರು ಬಹಳ ಎಚ್ಚರ ವಹಿಸುತ್ತಿದ್ದರು.

"ಅದನ್ನ ನಾನು ಇಟ್ಕೊಂಡ್ರೆ ಹಾಗೇ ಉಳಿದುಬಿಡುತ್ತೆ ಮರಿ," ಎಂದರು. "ನಾಳೆ ಅಂಕಲ್ ಬರ್ತಾರಲ್ಲ, ಅವ್ರಿಗೆ ಹೇಳು."

ಸರಿ ಎಂದು ಚೂಟಿ ಹೊರಗೆ ಓಡಿದಳು. ಗುಮಾಸ್ತರ ಹೆಂಡತಿ ಊಟಕ್ಕೆ ತಟ್ಟೆ ಹಾಕಿ, ಹಳದಿ ಪಟ್ಟಿಯ ಹೊರಗೆ ನೆಲದ ಮೇಲೆ ಎಲ್ಲರನ್ನೂ ಕರೆದರು.