ಭಾರದ ಡ್ರಮ್ಮೂ ಹಗುರಾದ ಡ್ರಮ್ಮೂ

ಕೊಳಲು ನುಡಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಕಲೆಯ ಮೇಲಲ್ಲ, ಅವರ ಸಾಮಾನಿನ ಮೇಲೆ. ಕಾರ್ಯಕ್ರಮ ಮುಗಿಯುವುದೇ ತಡ, ಕೊಳಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಹೊರಟೇಬಿಡುತ್ತಾರೆ. ಹಾಡುವವರ ವಿಷಯವಂತೂ ಕೇಳಲೇಬೇಡಿ. ಅವರ ವಾದ್ಯ ಗಂಟಲಲ್ಲೇ ಇರುತ್ತದೆ, ಬಸ್ಸಿನ ಕಂಡಕ್ಟರ್ ಕೂಡ ಅದಕ್ಕೆ ಲಗೇಜು ಹಾಕುವಂತಿಲ್ಲ. ನಾನು ಡ್ರಮ್ಸ್ ಬಾರಿಸುವವನು. ಹಾಡು ಮುಗಿದು, ಜನ ಎದ್ದು, ಶಾಮಿಯಾನದವರು ಕುರ್ಚಿ ಮಡಚಿ, ನಾಯಿಗಳು ಬಂದು ವೇದಿಕೆಯ ಮೇಲೆ ಮಲಗಿದ ಮೇಲೂ ನಾನು ಮಂಡಿಯೂರಿ ಕೂತು ಸ್ಟ್ಯಾಂಡಿನ ತಿರುಪು ಬಿಚ್ಚುತ್ತಿರುತ್ತೇನೆ. ಹಿಂದಿನ ಜನ್ಮದಲ್ಲಿ ಯಾವುದೋ ಹಮಾಲನಿಗೆ ಮೋಸ ಮಾಡಿರಬೇಕು ಎಂದು ನನ್ನ ಹೆಂಡತಿ ಸುವರ್ಣಾ ಹೇಳುತ್ತಾಳೆ.

ನಾನು ಬೆಟಗೇರಿಯವನು, ನೇಕಾರರ ಮನೆಯವನು. ತೊಟ್ಟಿಲಲ್ಲಿದ್ದಾಗ ಜೋಗುಳಕ್ಕಿಂತ ಮಗ್ಗದ ಲಟಪಟ ಸದ್ದನ್ನೇ ಹೆಚ್ಚು ಕೇಳಿದವನು. ಅದೇ ತಾಳ ಕೈಗೆ ಇಳಿದಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಮಗ್ಗ ಕೈಬಿಟ್ಟು ಅಪ್ಪ ಸೀರೆ ಅಂಗಡಿ ಇಟ್ಟರು, ಅದನ್ನೇ ನಾನು ನಡೆಸುತ್ತಿದ್ದೇನೆ. ಹಗಲು ಗಿರಾಕಿಗಳ ಮುಂದೆ ಸೀರೆ ಬಿಚ್ಚುವುದು, ಅವರು ಬೇಡವೆಂದಾಗ ಮಡಚುವುದು. ಸಂಜೆಯಾದರೆ ಬಸಣ್ಣನ ವಾದ್ಯವೃಂದದಲ್ಲಿ ಡ್ರಮ್ಸ್ ಬಿಚ್ಚುವುದು, ಮಡಚುವುದು. ಒಟ್ಟಿನಲ್ಲಿ ನನ್ನ ಬಾಳು ಬಿಚ್ಚಿ ಮಡಚುವುದರಲ್ಲೇ ಕಳೆಯುತ್ತಿದೆ.

ನನ್ನ ಡ್ರಮ್ಮು ಸಾಮಾನ್ಯದ್ದಲ್ಲ. ಮೇಪಲ್ ಮರದ್ದು, ದಪ್ಪ ಕವಚದ್ದು, ಜೇನಿನ ಬಣ್ಣದ್ದು. ಹುಬ್ಬಳ್ಳಿಯಲ್ಲಿ ಡ್ರಮ್ಸ್ ಬಿಟ್ಟು ಯೋಗ ಹಿಡಿದ ಒಬ್ಬರಿಂದ ಕೊಂಡದ್ದು. ಯೋಗ ಯಾಕೆ ಹಿಡಿದರು ಎಂದು ಅವತ್ತೇ ಕೇಳಬೇಕಾಗಿತ್ತು. ಆ ಡ್ರಮ್ಮನ್ನು ಗಾಡಿಗೆ ಎತ್ತಿ ಇಳಿಸಿ ನನ್ನ ಸೊಂಟ ಎಷ್ಟು ಹಾಳಾಗಿದೆಯೆಂದರೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮೊದಲು ನನ್ನ ನರಳಾಟ ಏಳುತ್ತದೆ, ಆಮೇಲೆ ನಾನು. ಆದರೆ ಅದರ ನಾದ! ಕಾಲಿನ ದೊಡ್ಡ ಡ್ರಮ್ಮನ್ನು ಒಮ್ಮೆ ಒದ್ದರೆ ಮುಂದಿನ ಸಾಲಿನ ಹಿರಿಯರ ಎದೆಯೊಳಗೆ ದುಮ್ ಎನ್ನುತ್ತದೆ. ಒಬ್ಬ ಹಿರಿಯರು ನಿಜಕ್ಕೂ ಎದೆ ಹಿಡಿದುಕೊಂಡು ಎದ್ದುಹೋದದ್ದೂ ಉಂಟು. ಪಾಪ, ಅವರಿಗೆ ಅಜೀರ್ಣವಾಗಿತ್ತಂತೆ.

ತೊಂದರೆ ಶುರುವಾದದ್ದು ಬಸಣ್ಣ ಹೊಸ ಕೀಬೋರ್ಡು ಕೊಂಡ ಮೇಲೆ. ಬಸಣ್ಣ ನಮ್ಮ ತಂಡದ ಮಾಲೀಕ. ಕೀಬೋರ್ಡು, ಸ್ಪೀಕರು, ಹಾಡುವವರು, ನಾನು, ಎಲ್ಲವನ್ನೂ ಒಂದೇ ಸಣ್ಣ ಟೆಂಪೋದಲ್ಲಿ ತುಂಬುವ ಜವಾಬ್ದಾರಿ ಅವನದು. ಒಂದು ದಿನ ಅಂಗಡಿಗೆ ಬಂದು, ಗಿರಾಕಿಯಂತೆ ಕೂತು, ಚಹಾ ಕುಡಿದು ಹೇಳಿದ:

"ನೋಡಪಾ, ನಿನ್ನ ಡ್ರಮ್ಮು ಗಾಡಿಯೊಳಗ ಅರ್ಧಾ ಜಾಗಾ ತಿಂತೈತಿ. ಹಾಡೋ ಹುಡುಗಿ ಲಕ್ಷ್ಮೇಶ್ವರದ ತನಕ ಸ್ಪೀಕರ್ ಮ್ಯಾಲೆ ಕುಂತ ಬಂದಾಳ. ಹಗುರಂದು ಒಂದ ತಗೋ. ಇಲ್ಲಂದ್ರ ನನ್ನ ಕೀಬೋರ್ಡಿನ್ಯಾಗ ಡ್ರಮ್ಮಿನ ಗುಂಡಿ ಐತಿ. ಒತ್ತಿದ್ರ ಸಾಕು, ತಾನ ಬಾರಿಸ್ತೈತಿ. ಅದು ಊಟಾನೂ ಕೇಳಂಗಿಲ್ಲ."

ಕೊನೆಯ ಮಾತು ನನಗೆ ನಾಟಿತು. ತಂಡದ ಹುಟ್ಟಿನಿಂದ ಅದರಲ್ಲಿರುವ ನನ್ನನ್ನು ಒಂದು ಗುಂಡಿ ಹೊರಗೆ ಹಾಕುವುದೆಂದರೇನು? ಸೀರೆ ಅಂಗಡಿಯೊಳಗೆ ನಾನು ಬರೀ ಅಂಗಡಿಯವನು. ಡ್ರಮ್ಸ್ ಹಿಂದೆ ಕೂತಾಗ ಮಾತ್ರ ನಾನು ನಾನು. ಅದು ಹೋದರೆ ಉಳಿಯುವುದು ಸೊಂಟನೋವು ಒಂದೇ.

ಗದಗಿನಲ್ಲಿ ವಾದ್ಯದ ಅಂಗಡಿ ಇಟ್ಟ ಪರಿಚಯದವರೊಬ್ಬರಿದ್ದಾರೆ. ಅವರ ಹತ್ತಿರ ಒಂದು ಹಗುರಾದ ಸೆಟ್ ಇತ್ತು. ತೆಳು ಮರ, ಸಣ್ಣ ಮೈ, ಒಂದೇ ಕೈಯಲ್ಲಿ ಎತ್ತಬಹುದು. "ಒಯ್ದು ನಾಕ ಕಾರ್ಯಕ್ರಮ ಬಾರಿಸಿ ನೋಡ್ರಿ, ಪಸಂದ ಬಂದ್ರ ಇಟ್ಕೊರ್ರಿ. ನಿಮ್ಮ ಭಾರದ್ದಕ್ಕ ಶಿರಹಟ್ಟಿ ಕಡೆ ಒಂದ ಗಿರಾಕಿ ಐತಿ" ಎಂದರು. ಆ ಸೆಟ್ಟನ್ನು ಮನೆಗೆ ತಂದೆ. ಭಾರದ ಡ್ರಮ್ಮು ತನ್ನ ಗುಂಡನೆಯ ಗಟ್ಟಿ ಡಬ್ಬಿಗಳೊಳಗೆ ಕೂತು ಮನೆಯ ಮೂಲೆ ಸೇರಿತು. ನಾನು ದಿನವೂ ಅದರ ಮುಂದೆ ಹಾಯುವಾಗ ಮುಖ ತಪ್ಪಿಸುತ್ತಿದ್ದೆ.

ಹಗುರಾದ ಡ್ರಮ್ಮಿನ ಮೊದಲ ಕಾರ್ಯಕ್ರಮ ಲಕ್ಷ್ಮೇಶ್ವರದ ಒಂದು ಮನೆ ವಾಸ್ತುಶಾಂತಿಯಲ್ಲಿ. ನಮ್ಮ ಕಡೆ ಒಂದು ಪದ್ಧತಿಯಿದೆ, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ವಾದ್ಯದವರು ಹೇಗೆ ನುಡಿಸುತ್ತಾರೆ ಎಂಬುದನ್ನು ಜನ ಕಾರ್ಯಕ್ರಮ ಕೇಳಿ ತೀರ್ಮಾನಿಸುವುದಿಲ್ಲ. ಗಾಡಿಯಿಂದ ಎಷ್ಟು ಸಾಮಾನು ಇಳಿಯಿತು ಎಂಬುದನ್ನು ನೋಡಿ ಮೊದಲೇ ತೀರ್ಮಾನಿಸಿರುತ್ತಾರೆ. ಗಾಡಿ ಬಂದು ನಿಂತರೆ ಯಜಮಾನರು, ಬೀಗರು, ಅಡಿಗೆಯವರು ಎಲ್ಲರೂ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಮೊದಲೆಲ್ಲ ನನ್ನ ದೊಡ್ಡ ಡಬ್ಬಿಗಳು ಇಳಿಯುವಾಗ "ಅಬಾಬಾಬಾ" ಎಂಬ ಉದ್ಗಾರ ಬರುತ್ತಿತ್ತು. ನನಗೆ ಅರ್ಧ ಸಂಭಾವನೆ ಅಲ್ಲೇ ಸಿಕ್ಕಂತಾಗುತ್ತಿತ್ತು. ಅವತ್ತು ನಾನು ಎರಡು ಚೀಲ ಹಿಡಿದು ಕೆಳಗಿಳಿದೆ. ಯಜಮಾನರು ನನ್ನ ಹಿಂದೆ ಇಣುಕಿ ನೋಡಿದರು.

"ಇಷ್ಟ ಏನ್ರಿ? ಹಿಂದ ಇನ್ನೊಂದ ಗಾಡಿ ಬರಾಕತ್ತೈತೇನು?"

"ಇಲ್ರಿ, ಇಷ್ಟ."

"ಆತು ಬಿಡ್ರಿ, ದೇವರ ಮಾಡಿದ್ದು" ಎಂದು ಅವರು ಒಳಗೆ ಹೋದರು. ಅವತ್ತು ನಾನು ಜೀವ ಬಿಟ್ಟು ಬಾರಿಸಿದೆ. ಹಗುರಾದ ಡ್ರಮ್ಮು ತನ್ನ ಶಕ್ತಿಮೀರಿ ಸದ್ದು ಮಾಡಿತು. ಸೊಂಟ ನೋಯಲಿಲ್ಲ ಎಂಬುದೂ ಖರೆ. ಆದರೆ ಊಟದ ಪಂಕ್ತಿಯಲ್ಲಿ ಒಬ್ಬರು ಪಕ್ಕದವರಿಗೆ, "ಪಾಪ, ಡ್ರಮ್ಮಿನವರಿಗೆ ಏನೋ ಅಡಚಣಿ ಬಂದಿರಬೇಕು, ದೊಡ್ಡದು ಮಾರ್ಯಾರ" ಎನ್ನುವುದು ಕಿವಿಗೆ ಬಿತ್ತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಎಂದರೆ, ಎರಡನೆಯದು ಇಳಿಯಲಿಲ್ಲ.

ಮುಂದಿನ ಕಾರ್ಯಕ್ರಮ ಮುಂಡರಗಿಯಲ್ಲಿ, ಒಂದು ದೊಡ್ಡ ಮನೆಯ ಕುಬಸ. ಸೊಸೆಯ ಚೊಚ್ಚಲು ಬಸಿರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಇಂಥ ಮನೆಗೆ ಎರಡು ಚೀಲ ಹಿಡಿದು ಇಳಿಯುವುದು ನನ್ನಿಂದ ಆಗದು ಎಂದು ಒಳಗೊಳಗೇ ನಿಶ್ಚಯಿಸಿದೆ. ಬಸಣ್ಣನಿಗೆ ಹೇಳಿದರೆ ಬೇಡವೆನ್ನುತ್ತಾನೆ. ಆದರೆ ಗಾಡಿ ಮೊದಲು ತುಂಬುವುದು ನಮ್ಮ ಮನೆಯ ಮುಂದೆಯೇ. ಸುವರ್ಣಾ ಸಂತೆಗೆ ಹೋಗಿದ್ದಳು. ಒಳ್ಳೆಯ ಸಮಯ. ಡ್ರೈವರನ ಕೈಯಲ್ಲಿ ಚಹದ ಲೋಟ ಇಟ್ಟು, ಭಾರದ ಡ್ರಮ್ಮಿನ ಡಬ್ಬಿಗಳನ್ನೆಲ್ಲ ನಾನೇ ಎತ್ತಿ ಗಾಡಿಗೆ ಹಾಕಿದೆ. ಕಾಲಿನ ಡ್ರಮ್ಮಿನ ಡಬ್ಬಿ ಎಂದಿನಂತೆ ಜೀವ ತೆಗೆಯಿತು. ಆದರೆ ಉಳಿದ ಡಬ್ಬಿಗಳು ಆಶ್ಚರ್ಯವೆನ್ನುವಷ್ಟು ಹಗುರಾಗಿದ್ದವು! ಮನಸ್ಸಿಗೆ ಹಿತವಾದದ್ದು ಮೈಗೆ ಭಾರವಾಗುವುದಿಲ್ಲ ಎಂಬ ತತ್ತ್ವ ಅಲ್ಲೇ ಹೊಳೆಯಿತು. ಇಷ್ಟು ದಿನ ಸುಮ್ಮನೆ ಸೊಂಟವನ್ನು ಬೈದೆನಲ್ಲ, ಭಾರ ಇದ್ದದ್ದು ನನ್ನ ತಲೆಯಲ್ಲಿ ಎಂದುಕೊಂಡೆ. ಬಸಣ್ಣ ದಾರಿಯಲ್ಲಿ ಹತ್ತಿದವನು ಡಬ್ಬಿಗಳನ್ನು ನೋಡಿ ಹಲ್ಲು ಕಡಿದ. ಹಾಡುವ ಹುಡುಗಿ ಸ್ಪೀಕರ್ ಮೇಲೆ ಹತ್ತಿ ಕೂತಳು.

ಮುಂಡರಗಿಯಲ್ಲಿ ಡಬ್ಬಿಗಳು ಇಳಿಯುವಾಗ ಅಂಗಳದ ತುಂಬ ಜನ. "ಅಬಾಬಾಬಾ!" ಕಳೆದುಹೋದ ಮಾನ ಮುಂಡರಗಿಯಲ್ಲಿ ಸಿಕ್ಕಿತು. ವೇದಿಕೆಯ ಮೇಲೆ ಹೋಗಿ, ಎಲ್ಲರೂ ನೋಡಲೆಂದು ಒಂದಿಷ್ಟು ತಡಮಾಡಿ, ಒಂದು ಡಬ್ಬಿಯ ಮುಚ್ಚಳ ತೆಗೆದೆ.

ಒಳಗೆ ಖಡಕ್ ರೊಟ್ಟಿ.

ಒಂದರ ಮೇಲೊಂದು, ಅಚ್ಚುಕಟ್ಟಾಗಿ, ಡಬ್ಬಿಯ ಗುಂಡಗಿನ ಅಳತೆಗೆ ಸರಿಯಾಗಿ, ಬಾಯಿ ತನಕ ಎಳ್ಳು ಹಚ್ಚಿದ ಜೋಳದ ರೊಟ್ಟಿ. ಎರಡನೆಯ ಡಬ್ಬಿ ತೆಗೆದೆ: ಸಜ್ಜಿ ರೊಟ್ಟಿ. ಸಣ್ಣ ಡಬ್ಬಿ ತೆಗೆದೆ: ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಅಗಸಿ ಚಟ್ನಿಯ ಪೊಟ್ಟಣಗಳು. ನನ್ನ ಹೆಂಡತಿ ಓಣಿಯ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ ಎಂಬುದನ್ನು ಹೇಳಲು ಮರೆತಿದ್ದೆ. ಮನೆಯಲ್ಲಿ ರೊಟ್ಟಿ ಇಡಲು ಜಾಗವಿಲ್ಲ, ಎಲ್ಲ ಜಾಗ ನಿಮ್ಮ ಡ್ರಮ್ಮೇ ನುಂಗಿದೆ ಎಂದು ಅವಳು ಬಹಳ ದಿನದಿಂದ ಹೇಳುತ್ತಿದ್ದದ್ದನ್ನು ಕೇಳಲೂ ಮರೆತಿದ್ದೆ.

ನಾನು ಬಾಯಿ ತೆರೆದು ನಿಂತಿರುವಾಗಲೇ ಮುಂದೆ ಕೂತಿದ್ದ ಹೆಣ್ಣುಮಕ್ಕಳ ಗುಂಪಿನಲ್ಲಿ ಗದ್ದಲವೆದ್ದಿತು. ಮನೆಯ ಹಿರಿಯಳು, ಬಸುರಿಯ ಅತ್ತೆ ನೀಲವ್ವ, ಎದ್ದು ನಿಂತು ಕೂಗಿದಳು: "ಬುತ್ತಿ ಬಂತವಾ ಬುತ್ತಿ! ಬೀಗರು ಮುಂದ ಕಳಿಸ್ಯಾರ! ಆರತಿ ತರ್ರಿ!"

ಕುಬಸಕ್ಕೆ ತವರಿನವರು ಬುತ್ತಿ ತರುವುದು ನಮ್ಮ ಕಡೆಯ ರೂಢಿ. ರೊಟ್ಟಿ, ಚಟ್ನಿ, ಪಲ್ಯ, ಸಿಹಿ ಎಲ್ಲ ಕಟ್ಟಿಕೊಂಡು, ಬಾಜಾ ಬಜಂತ್ರಿಯ ಜೊತೆ ಬರುತ್ತಾರೆ. ಈ ಸೊಸೆಯ ತವರು ಡಂಬಳ. ಅವರ ಗಾಡಿ ಇನ್ನೂ ಬಂದಿರಲಿಲ್ಲ. ಇಲ್ಲಿ ರೊಟ್ಟಿ ಕಾಣಿಸಿತು, ಪಕ್ಕದಲ್ಲಿ ಬಾಜಾ ಬಜಂತ್ರಿಯೂ ಕಾಣಿಸಿತು. ಇನ್ನೇನು ಬೇಕು? ನಾನು "ಅಲ್ರಿ, ಅದು" ಎನ್ನುವುದರೊಳಗೆ ಆರತಿ ಬಂತು. ಡಬ್ಬಿಗಳಿಗೆ ಅರಿಸಿನ ಕುಂಕುಮ ಏರಿತು. ನನ್ನ ಹಣೆಗೂ ಏರಿತು. ಹೆಗಲಿಗೊಂದು ಟವೆಲು ಬಿತ್ತು. ಸೋಬಾನೆ ಹಾಡುತ್ತ ಡಬ್ಬಿಗಳನ್ನು ಒಳಗೆ ಹೊತ್ತೊಯ್ದರು. ಯಾರೋ ನನಗೆ ಕಾಲಿಗೆ ನೀರು ಕೊಟ್ಟರು. ಆಗಲೇ ಹೇಳಿಬಿಡಬಹುದಿತ್ತು. ಆದರೆ ಇಷ್ಟು ವರ್ಷ ಡ್ರಮ್ಸ್ ಬಾರಿಸಿದ್ದಕ್ಕೆ ಯಾರೂ ಕಾಲಿಗೆ ನೀರು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಸುವರ್ಣಾ ಫೋನು.

"ಏನ್ರೀ, ಮೂಲ್ಯಾಗಿನ ಡಬ್ಬಿ ಎಲ್ಲದಾವ? ನಾಳೆ ಶಿರಹಟ್ಟಿ ಖಾನಾವಳಿಗೆ ಕೊಡೂವ ರೊಟ್ಟಿ ಅದರಾಗ ಅದಾವ!"

"ಮತ್ತ ಡ್ರಮ್ಮು ಎಲ್ಲೈತಿ?"

"ಹಳೇ ಸೀರಿ ಸುತ್ತಿ ಮಂಚದ ಕೆಳಗ ಇಟ್ಟೀನಿ. ಆ ದೊಡ್ಡದೊಂದು ಎತ್ತಾಕ ಬರಲಿಲ್ಲ, ಬಿಟ್ಟೆ. ನೀವು ಹಗುರಂದು ತಗೊಂಡೀರಲ್ಲ, ಮತ್ಯಾಕ ಅದು? ಖರೆ ಹೇಳ್ರಿ, ರೊಟ್ಟಿ ಎಲ್ಲದಾವ?"

"ಆರತಿ ಮಾಡಿಸ್ಕೊಳ್ಳಾಕ ಹತ್ಯಾವ" ಎಂದು ಫೋನು ಇಟ್ಟೆ.

ಕಾರ್ಯಕ್ರಮ ಶುರುವಾಯಿತು. ನನ್ನ ಮುಂದೆ ಇದ್ದದ್ದು ಕಾಲಿನ ದೊಡ್ಡ ಡ್ರಮ್ಮು ಮತ್ತು ಬೇರೆ ಚೀಲದಲ್ಲಿ ತಂದಿದ್ದ ಎರಡು ತಾಳದ ತಟ್ಟೆ. ಬಸಣ್ಣ ನನ್ನನ್ನೇ ದಿಟ್ಟಿಸುತ್ತ ನಿಧಾನವಾಗಿ ಗುಂಡಿ ಒತ್ತಿದ. ಅದು ತಾನೇ ಬಾರಿಸಿತು, ಒಂದು ಕಡೆಯೂ ತಪ್ಪದೆ. ನಾನು ನಡುನಡುವೆ ಕಾಲಿನಿಂದ ದುಮ್ ಎನ್ನಿಸುತ್ತ, ಹಣೆಯಲ್ಲಿ ಕುಂಕುಮ ಹೊತ್ತು, ಮದುಮಗನಂತೆ ಕೂತಿದ್ದೆ. ತಂಡದಲ್ಲಿ ಇದೇ ನನ್ನ ಕೊನೆಯ ಕಾರ್ಯಕ್ರಮ ಎಂದು ಖಾತ್ರಿಯಾಯಿತು.

ಎರಡನೆಯ ಹಾಡಿನ ನಡುವೆ ಡಂಬಳದ ಗಾಡಿ ಬಂತು. ಬಸುರಿಯ ತಾಯಿ ಬುಟ್ಟಿಗಳನ್ನು ಹೊರಿಸಿಕೊಂಡು ಬಂದರೆ, ನೀಲವ್ವ ರೊಟ್ಟಿ ಜಗಿಯುತ್ತಲೇ ಎದುರಾದಳು.

"ಅಲ್ಲವಾ ಬೀಗತಿ, ನಿಮ್ಮ ಬುತ್ತಿ ಆಗಲೇ ಬಂದೈತಲ್ಲ!"

"ಯಾವ ಬುತ್ತಿ? ನಾವು ಈಗ ಬರಾಕತ್ತೀವಿ."

"ಮತ್ತ ಅಲ್ಲಿ ಕುಂತವರು ನಿಮ್ಮ ತಮ್ಮಾರಲ್ಲೇನು?"

ಇಡೀ ಶಾಮಿಯಾನ ನನ್ನ ಕಡೆ ತಿರುಗಿತು. ಬಸಣ್ಣ ಹಾಡು ನಿಲ್ಲಿಸಿದ. ಗುಂಡಿಯ ಡ್ರಮ್ಮು ಮಾತ್ರ ನಿಲ್ಲದೆ ತನ್ನಷ್ಟಕ್ಕೆ ಬಾರಿಸುತ್ತಲೇ ಇತ್ತು. ನಾನು ಎದ್ದು ನಿಂತು, ಟವೆಲು ಸರಿಮಾಡಿಕೊಂಡು, "ನಾ ಡ್ರಮ್ಮಿನಾಂವ್ರಿ" ಎಂದು ಎಲ್ಲವನ್ನೂ ಹೇಳಿದೆ. ಸೊಂಟದಿಂದ ಶುರುಮಾಡಿ ಮಂಚದ ಕೆಳಗಿನ ತನಕ. ಹಸಿರು ಸೀರೆಯ ಹುಡುಗಿ ಹೊಟ್ಟೆ ಹಿಡಿದು ನಗತೊಡಗಿದಾಗ ಹಿರಿಯರಿಗೆ ಗಾಬರಿಯಾಗಿ, "ಸಾವಕಾಶವಾ, ಸಾವಕಾಶ ನಗು" ಎಂದರು. ಅವಳ ತಾಯಿ ನೀಲವ್ವನ ಕೈಯೊಳಗಿನ ರೊಟ್ಟಿಯನ್ನು ಮುರಿದು, ಗುರೆಳ್ಳು ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿದಳು.

"ಕೈ ಯಾರದರ ಇರಲಿ, ಹದಾ ಭಾಳ ಚಲೋ ಐತಿ" ಎಂದಳು. "ನನ್ನ ಮಗಳಿಗೆ ಎರಡು ತವರಮನಿ ಆದ್ರ ನಾ ಬ್ಯಾಡ ಅಂತೀನೇನು? ಅಣ್ಣಾ, ನಿಮ್ಮ ಮನಿಯವರ ನಂಬರ ಕೊಡ್ರಿ."

ಅಲ್ಲಿ ಸೇರಿದ್ದ ಹೆಣ್ಣುಮಕ್ಕಳೆಲ್ಲ ನಂಬರು ಬರೆದುಕೊಂಡರು. ನನ್ನದನ್ನು ಯಾರೂ ಕೇಳಲಿಲ್ಲ. ಅವತ್ತು ಸಂಜೆಯೇ ಓಣಿಯ ಹೆಣ್ಣುಮಕ್ಕಳು ಮತ್ತೆ ಒಲೆ ಹಚ್ಚಿದರು, ಶಿರಹಟ್ಟಿಗೆ ರೊಟ್ಟಿ ಹೊತ್ತಿಗೆ ಸರಿಯಾಗಿ ಹೋಯಿತು. ಹಿಟ್ಟು ನಾದುವ ಕೆಲಸ ಯಾರಿಗೆ ಬಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ನೋಡಿ, ಕುಬಸವಿರಲಿ, ತೊಟ್ಟಿಲಿರಲಿ, ಮುಂಡರಗಿಯಿಂದ ಕಳಸಾಪುರದ ತನಕ ಬಸಣ್ಣನಿಗೆ ಬರುವ ಕರೆಗಳಲ್ಲಿ ಒಂದೇ ಮಾತು: "ಆ ಬುತ್ತಿ ಡಬ್ಬಿಯ ಡ್ರಮ್ಮಿನವರನ್ನ ಕರಕೊಂಡ ಬರ್ರಿ." ನನ್ನನ್ನು ಬಿಡುವ ಮಾತನ್ನು ಬಸಣ್ಣ ಮತ್ತೆ ಎತ್ತಿಲ್ಲ, ಅವನ ಗುಂಡಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ವಾದ್ಯದ ಅಂಗಡಿಯವರು ಮೊನ್ನೆ ಸಿಕ್ಕು, ಕೊನೆಗೆ ಯಾವುದನ್ನು ಇಟ್ಟುಕೊಂಡಿರಿ ಎಂದು ಕೇಳಿದರು. ಎರಡನ್ನೂ ಎಂದೆ. ಬಾರಿಸುವುದು ಹಗುರಾದದ್ದನ್ನು, ಇಳಿಸುವುದು ಭಾರದ್ದರ ಡಬ್ಬಿಗಳನ್ನು. ಮೇಪಲ್ ಮರದ ಡ್ರಮ್ಮು ನನ್ನದೇ ಅಂಗಡಿಯ ಸೀರೆ ಉಟ್ಟು ಮಂಚದ ಕೆಳಗೆ ಮಲಗಿದೆ. ಹಾಡುವ ಹುಡುಗಿ ಇನ್ನೂ ಸ್ಪೀಕರ್ ಮೇಲೆಯೇ ಕೂತು ಬರುತ್ತಾಳೆ.

ಗಾಡಿ ನಿಂತಾಗ ಜನ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, "ಅಬಾಬಾಬಾ" ಎನ್ನುತ್ತಾರೆ. ನಾನು ಓಡಾಡುತ್ತ, "ಸಾವಕಾಶ್ರೀ, ಸಾವಕಾಶ ಇಳಸ್ರಿ, ಒಳಗ ನಾಜೂಕ ಐತಿ" ಎಂದು ಕೂಗುತ್ತೇನೆ. ಹೊಸ ಊರಾದರೆ ಯಾರಾದರೊಬ್ಬ ಹಿರಿಯರು ಪಕ್ಕದವರಿಗೆ, "ವಾದ್ಯದ ಮ್ಯಾಲೆ ಎಷ್ಟು ಭಕ್ತಿ ನೋಡ್ರಿ ಇವರಿಗೆ! ಕಲಾವಿದ ಅಂದ್ರ ಹಿಂಗಿರಬೇಕು" ಎನ್ನುತ್ತಾರೆ. ನಾನು ವಿನಯದಿಂದ ಕೈ ಮುಗಿಯುತ್ತೇನೆ. ಆಮೇಲೆ ವೇದಿಕೆಯ ಹಿಂದೆ ಹೋಗಿ, ಯಾರೂ ನೋಡದಂತೆ ಮುಚ್ಚಳ ತೆಗೆದು, ಮುರಿದ ರೊಟ್ಟಿ ಎಷ್ಟಿವೆ ಎಂದು ಎಣಿಸಿ ಹೆಂಡತಿಗೆ ಫೋನು ಮಾಡುತ್ತೇನೆ.