ಕೊನೆಯ ಬೆಳಗಿನ ಪ್ಯಾಂಟು

ನಡುರಾತ್ರಿ ಹಡಗಿನ ಕೋಣೆಯ ಬಾಗಿಲಾಚೆಯ ಓಣಿಯಲ್ಲಿ ಸಣ್ಣದೊಂದು ಸದ್ದಾಯಿತು. ಪುಟ್ಟ ಗಾಲಿಗಳು ಮೆತ್ತನೆಯ ನೆಲಹಾಸಿನ ಮೇಲೆ ಗುರ್‍ರೆಂದು ಉರುಳಿದವು, ಯಾರಿಗೋ ದಾರಿ ಬಿಟ್ಟಂತೆ ಒಂದು ಗಳಿಗೆ ನಿಂತವು, ಮತ್ತೆ ಉರುಳುತ್ತ ದೂರವಾದವು.

ಎಲ್ಡನ್ ಹಾಫ್‌ಸ್ಟ್ರಾಗೆ ಅದು ಕೇಳಿಸಿತು. ಎಚ್ಚರ ಮಾತ್ರ ಆಗಲಿಲ್ಲ. ಆ ಹೊತ್ತಿಗೆ ಅವನು ಕನಸಿನ ಅಲಾಸ್ಕಾದಲ್ಲಿದ್ದ. ಎದುರಿಗೆ ನೀಲಿ ಮಂಜಿನ ಬೆಟ್ಟ, ಕೆಳಗೆ ಕನ್ನಡಿಯಂಥ ನೀರು, ಕಂಬಳಿ ಹೊದ್ದು ಒಬ್ಬನೇ ಕುಳಿತ ತಾನು. ಸುತ್ತ ಒಂದೇ ಒಂದು ಮಾತಿಲ್ಲ. ಗಾಲಿಯ ಸದ್ದು ಅಲ್ಲಿ ಮಂಜುಗಡ್ಡೆಯೊಂದು ಬಿರಿದು ತೇಲಿಹೋಗುವ ಸದ್ದಾಯಿತು. 'ಹೋಗು, ಸುಖವಾಗಿ ಹೋಗಿ ಬಾ' ಎಂದು ಎಲ್ಡನ್ ನಿದ್ದೆಯಲ್ಲೇ ಕೈಬೀಸಿದ.

ಹೋಗಿದ್ದು ಅವನ ಸೂಟ್‌ಕೇಸು. ಅದರೊಳಗೆ ಅವನ ಪ್ಯಾಂಟುಗಳೆಲ್ಲ ಇದ್ದವು.

ಹಡಗು ದಡ ಸೇರುವ ಹಿಂದಿನ ರಾತ್ರಿ ಪ್ರಯಾಣಿಕರು ಪೆಟ್ಟಿಗೆ ಕಟ್ಟಿ ಬಾಗಿಲಾಚೆ ಇಟ್ಟು ಮಲಗಬೇಕು. ಬೆಳಗಾಗುವುದರೊಳಗೆ ಕೆಲಸದವರು ಅವನ್ನೆಲ್ಲ ಹಡಗಿನ ಹೊಟ್ಟೆಗೆ ಇಳಿಸಿರುತ್ತಾರೆ. ಈ ಪದ್ಧತಿ ಎಲ್ಡನ್‌ಗೆ ಗೊತ್ತಿರಲಿಲ್ಲವೆಂದಲ್ಲ. ಅವನಷ್ಟು ಚೆನ್ನಾಗಿ ಇಡೀ ಹಡಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಲಗುವ ಮುಂಚೆ ಅವನೇ ಮನೆಮಂದಿಯ ಕ್ಯಾಬಿನ್‌ಗಳ ಬಾಗಿಲು ತಟ್ಟಿ, "ನಾಳೆ ಹಾಕೋ ಬಟ್ಟೆ ಹೊರಗಿಟ್ಕೊಂಡ್ರಾ? ಪೆಟ್ಟಿಗೆ ಹೋದ್ರೆ ಹೋಯ್ತು, ಮತ್ತೆ ಸಿಗೋದು ದಡದಲ್ಲೇ" ಎಂದು ಎಚ್ಚರಿಸಿ ಬಂದಿದ್ದ. "ನಾವೇನು ಶಿಶುವಿಹಾರದ ಮಕ್ಕಳಾ?" ಎಂದು ಹೆಂಡತಿಯ ಅಕ್ಕ ವರ್ಲೀನ್ ಬಾಗಿಲು ಮುಚ್ಚಿಕೊಂಡಿದ್ದಳು. ಎಲ್ಲರನ್ನೂ ದಡ ಮುಟ್ಟಿಸಿದ ತೃಪ್ತಿಯಲ್ಲಿ ಎಲ್ಡನ್ ತನ್ನ ಕೋಣೆಗೆ ಮರಳಿ, ತೊಟ್ಟಿದ್ದ ಬೂದು ಪ್ಯಾಂಟನ್ನು ಬಿಚ್ಚಿ, ಇಸ್ತ್ರಿಯ ಗೆರೆ ಕೂಡಿಸಿ ಮಡಚಿ, ಪೆಟ್ಟಿಗೆಯಲ್ಲಿಟ್ಟು, ಕೀಲಿ ಹಾಕಿ, ಹೊರಗಿಟ್ಟು ಮಲಗಿದ. ಒಂದು ಅಂಗಿ, ಬೂಟು, ಕಾಲುಚೀಲ ಉಳಿದವು. ಮೈಮೇಲೊಂದು ಚಡ್ಡಿ ಇತ್ತು.

ಅವನು ಅಯೋವಾದ ಒಂದು ಊರಿನಲ್ಲಿ ಶಾಲೆಯ ಬಸ್ಸುಗಳಿಗೆ ವೇಳಾಪಟ್ಟಿ ಹಾಕುವ ಕೆಲಸದವನು. ತಪ್ಪು ಅವನ ಪಾಲಿಗೆ ದೂರದ ನೆಂಟ. ಇದೆ ಎಂದು ಕೇಳಿ ಬಲ್ಲ, ಮನೆಗೆ ಬಂದದ್ದಿಲ್ಲ. ಆದರೂ ಹೆಂಡತಿಯ ತೌರಿನವರ ಬೇಸಿಗೆ ಪ್ರವಾಸವನ್ನು ಅವನ ಕೈಗೆ ಕೊಟ್ಟಿದ್ದು ಇದೇ ಮೊದಲು. ಅಲ್ಲಿಯವರೆಗೆ ಪ್ರತಿವರ್ಷವೂ ವರ್ಲೀನಳದೇ ದರ್ಬಾರು: ವಿಸ್ಕಾನ್ಸಿನ್ನಿನ ಕೆರೆ ದಂಡೆಯ ಅದೇ ಮರದ ಮನೆ, ಅದೇ ಸೋರುವ ದೋಣಿ, ಹೆಸರು ಹಿಡಿದು ಕರೆಯುವಷ್ಟು ಪರಿಚಯವಾದ ಸೊಳ್ಳೆಗಳು, ಮತ್ತು ಬೆಳಿಗ್ಗೆ ಸೀಟಿ ಊದಿ ಎಬ್ಬಿಸುವ ವರ್ಲೀನ್. ಮುಂದಿನ ವರ್ಷದ ಪ್ರವಾಸ ಯಾರ ಕೈಗೆ ಎಂಬುದನ್ನು ಪ್ರತಿ ಪ್ರವಾಸದ ಕೊನೆಯ ದಿನ, ಮನೆಗೆ ಹೊರಡುವ ಮುಂಚೆ, ಅತ್ತೆ ಬರ್ನೀಸ್ ಹೇಳುವಳು. ಆಕೆಯ ಮಾತಿನ ಮೇಲೆ ಮಾತಿರಲಿಲ್ಲ. ಎಲ್ಡನ್ ಗೆದ್ದರೆ ಅಲಾಸ್ಕಾ. ಸೋತರೆ ಸೊಳ್ಳೆ.

ಅದಕ್ಕೇ ಅವನು ವರ್ಷವಿಡೀ ತಯಾರಿ ನಡೆಸಿದ್ದ. ಹಡಗು ಹೊರಡುವ ಹಿಂದಿನ ದಿನವೇ ಟ್ಯಾಂಪಾ ಸೇರಬೇಕು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹತ್ತಿದ ದಿನ ಪೆಟ್ಟಿಗೆಗಳು ಕೋಣೆಗೆ ಬರುವುದು ಸಂಜೆಗೆ. ಈಜುವ ಬಟ್ಟೆ ಕೈಚೀಲದಲ್ಲೇ ಇರಲಿ. ತಲೆಸುತ್ತಿದರೆ ಹಡಗಿನ ನಡುಮಧ್ಯಕ್ಕೆ ಬಂದು ನಿಂತು ಹಸಿರು ಸೇಬು ತಿನ್ನಬೇಕು. ಹೀಗೆ ಹೇಳಿದ್ದೆಲ್ಲ ಹೇಳಿದಂತೆಯೇ ನಡೆಯಿತು. ಹಗಲೆಲ್ಲ ಸಮುದ್ರ ನೀಲಿ ರೇಷ್ಮೆಯನ್ನು ಬಿಚ್ಚುತ್ತ ಹೋಯಿತು, ರಾತ್ರಿ ಹಡಗು ತೊಟ್ಟಿಲಾಯಿತು. ಇನ್ನು ಉಳಿದದ್ದು ಒಂದೇ ಬೆಳಗು.

ಆ ಬೆಳಗು ಬಂದಾಗ ಎಲ್ಡನ್ ಹಾಸಿಗೆಯಿಂದಿಳಿದು, ಕುರ್ಚಿಯ ಬೆನ್ನಿನತ್ತ ಕೈಚಾಚಿದ. ಅಲ್ಲಿ ಪ್ಯಾಂಟು ಇರಲಿಲ್ಲ. ಅಲ್ಮೇರಾದಲ್ಲಿ ಬರೀ ಹ್ಯಾಂಗರುಗಳು ಬಾಗಿಲು ಎಳೆದ ರಭಸಕ್ಕೆ ಒಂದಕ್ಕೊಂದು ತಗುಲಿ ಕಿಣಿಕಿಣಿ ನಕ್ಕವು. ಅವನು ಮಂಚದ ಕೆಳಗೂ ನೋಡಿದ. ಆಮೇಲೆ ರಾತ್ರಿ ತೇಲಿಹೋದ ಮಂಜುಗಡ್ಡೆ ನೆನಪಾಯಿತು.

ಗೊರಕೆಯ ಕಾರಣಕ್ಕೆ ಹೆಂಡತಿ ಮಾರ್ವಾ ಅವನನ್ನು ಬಿಟ್ಟು ತಾಯಿಯ ಜೊತೆ ಬೇರೆ ಕ್ಯಾಬಿನ್‌ನಲ್ಲಿ ಮಲಗಿದ್ದಳು. ಅವಳಿಗೆ ಹೇಳಬಹುದಿತ್ತು. ಆದರೆ ಮಾರ್ವಾಗೆ ಹೇಳುವುದೂ ಒಂದೇ, ವರ್ಲೀನ್ ಕೈಗೆ ಸೀಟಿ ಕೊಡುವುದೂ ಒಂದೇ. ಅಕ್ಕತಂಗಿಯರ ನಡುವೆ ಗೋಡೆಯಿಲ್ಲ.

ಅಂಗಡಿಯಲ್ಲಿ ಒಂದು ಪ್ಯಾಂಟು ಕೊಂಡರಾಯಿತು! ಹಡಗಿನ ಅಂಗಡಿಸಾಲಿನಲ್ಲಿ ತಾಳೆಮರದ ಚಿತ್ರವಿದ್ದ ಚಡ್ಡಿಗಳು ತೂಗುತ್ತಿದ್ದುದನ್ನು ಅವನು ಕಂಡಿದ್ದ. ಅಲ್ಲಿಯವರೆಗೆ ಹೋಗಲು ಏನಾದರೂ ಬೇಕಲ್ಲ? ಮೇಜಿನ ಮೇಲೆ ಆನೆ ಕುಳಿತಿತ್ತು. ಕ್ಯಾಬಿನ್ ಗುಡಿಸುವಾತ ದಿನವೂ ಟವೆಲುಗಳನ್ನು ಮಡಚಿ ಒಂದೊಂದು ಪ್ರಾಣಿ ಮಾಡಿಟ್ಟು ಹೋಗುತ್ತಿದ್ದ. ಕೊನೆಯ ರಾತ್ರಿಗೆ ಆನೆ, ಕಾಗದದ ಕಣ್ಣಂಟಿಸಿದ್ದು. "ಕ್ಷಮಿಸಪ್ಪಾ" ಎಂದು ಎಲ್ಡನ್ ಅದರ ಸೊಂಡಿಲು ಬಿಚ್ಚಿ, ಬೆನ್ನು ಬಿಚ್ಚಿ, ಸೊಂಟಕ್ಕೆ ಸುತ್ತಿಕೊಂಡ. ಮೇಲೆ ಗುಂಡಿ ಹಾಕಿದ ಅಂಗಿ, ಕೆಳಗೆ ಹೊಳೆಯುವ ಕರಿಬೂಟು. ಈಜುಕೊಳಕ್ಕೆ ಹೊರಟ ಬ್ಯಾಂಕ್ ಮ್ಯಾನೇಜರನಂತೆ ಕಾಣುತ್ತಿದ್ದೇನೆಂದು ಧೈರ್ಯ ತಂದುಕೊಂಡು ಓಣಿಗಿಳಿದ.

ಅಂಗಡಿಸಾಲಿಗೆ ಬೀಗ ಬಿದ್ದಿತ್ತು. ಹಡಗು ಬಂದರಿಗೆ ಬಂದ ಮೇಲೆ ಅಂಗಡಿ ತೆರೆಯುವಂತಿಲ್ಲ. ಅದೂ ಅವನೇ ಎಲ್ಲರಿಗೂ ಹೇಳಿಕೊಟ್ಟ ಪಾಠ. ಗಾಜಿನಾಚೆ ತಾಳೆಮರದ ಚಡ್ಡಿಗಳು ಸ್ವರ್ಗದ ಬಟ್ಟೆಗಳಂತೆ ಕೈಗೆಟುಕದೆ ತೂಗುತ್ತಿದ್ದವು. ಎಲ್ಡನ್ ಗಾಜಿಗೆ ಹಣೆಯೊತ್ತಿ ನಿಂತ. ಹಿಂದೆ ಹಾದುಹೋದ ಇಬ್ಬರು ಕಿಸಕ್ಕೆಂದರು.

ತನ್ನ ಓಣಿಗೆ ಮರಳುವಾಗ ಪಕ್ಕದ ಬಾಗಿಲು ತೆರೆಯಿತು. ಬಾಗಿಲ ತುಂಬ ಊರೂರಿನ ಆಯಸ್ಕಾಂತದ ಗೊಂಬೆಗಳು. ಹೊಸಿಲಲ್ಲಿ ಸವಾನಾ ಊರಿನ ವಿಧವೆ ಓಪಲ್ ಟಿಬೆಟ್ಸ್. ವರ್ಷದ ಹೆಚ್ಚಿನ ಪಾಲು ಹಡಗಿನಲ್ಲೇ ಕಳೆಯುವ ಮುದುಕಿ. ಕಪ್ತಾನರಿಗೇ ಬುದ್ಧಿ ಹೇಳಬಲ್ಲವಳು.

"ಕಂದಾ," ಎಂದಳು ಓಪಲ್, "ನಿನ್ನ ಹಿಂಭಾಗ ನನ್ನನ್ನೇ ದುರುಗುಟ್ಟಿ ನೋಡ್ತಿದೆ."

ಎಲ್ಡನ್ ತಿರುಗಿ ನೋಡಿಕೊಂಡ. ಆನೆಯ ಎರಡೂ ಕಣ್ಣು ಟವೆಲಿಗೇ ಅಂಟಿಕೊಂಡು ಉಳಿದಿದ್ದವು.

"ಪ್ಯಾಂಟು ಪೆಟ್ಟಿಗೆಗೆ ಹಾಕ್ಬಿಟ್ಯಾ?"

"ಹೇಗೆ ಗೊತ್ತಾಯ್ತು ನಿಮಗೆ?"

"ಪ್ರತಿ ಹಡಗಲ್ಲೂ ಒಬ್ಬ ಇರ್ತಾನಪ್ಪ. ಹೆಚ್ಚಾಗಿ ಊರಿಗೆಲ್ಲಾ ಬುದ್ಧಿ ಹೇಳಿದವನೇ ಆಗಿರ್ತಾನೆ. ಬಾ ಒಳಗೆ."

ಪೆಟ್ಟಿಗೆ ಹೊರಗಿಡುವವರನ್ನು ಕಂಡರೆ ಓಪಲ್‌ಗೆ ಕನಿಕರ. ಅವಳ ಸಾಮಾನೆಲ್ಲ ಕೋಣೆಯಲ್ಲೇ ಇತ್ತು. ತನ್ನ ಪೆಟ್ಟಿಗೆಯ ತಳದಿಂದ ಒಂದು ಪ್ಯಾಂಟು ಎಳೆದಳು. ಎಳೆಹಸಿರು ಬಣ್ಣ, ಮೈತುಂಬ ಕಸೂತಿಯ ಗುಲಾಬಿ ತಿಮಿಂಗಿಲಗಳು.

"ನಮ್ಮ ಥರ್ಮಂಡನದು. ಅವನು ಹೋದ ಮೇಲೂ ಇದನ್ನ ಜೊತೇಲಿ ತಿರುಗಾಡಿಸ್ತೀನಿ. ಅವನಿಗೆ ಸಮುದ್ರ ಅಂದ್ರೆ ಪ್ರಾಣ. ಹಾಕ್ಕೋ, ಅವನಿಗೂ ಒಂದಿಷ್ಟು ಕಾಲಾಡಿದ ಹಾಗಾಗುತ್ತೆ."

ಥರ್ಮಂಡ್ ಆಜಾನುಬಾಹುವಾಗಿದ್ದಿರಬೇಕು. ಪ್ಯಾಂಟಿನೊಳಗೆ ಎಲ್ಡನ್ ಗೋಣಿಚೀಲದಲ್ಲಿಟ್ಟ ಸೌಟಿನಂತಾದ. ಓಪಲ್ ಬಿಸಿಲುಕುರ್ಚಿಗೆ ಟವೆಲು ಕಚ್ಚಿಸುವ ಗಿಳಿಯಾಕಾರದ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ತಂದು, ಹಿಂದಿನಿಂದ ನೆರಿಗೆ ಹಿಡಿದು, ಒಂದೊಂದನ್ನೇ ಸಿಕ್ಕಿಸಿದಳು. ಮೇಲೆ ಅಂಗಿ ಇಳಿಬಿಟ್ಟಳು.

"ಬಗ್ಗಬೇಡ, ಸೀನಬೇಡ, ದೀರ್ಘವಾಗಿ ಉಸಿರೆಳೀಬೇಡ. ದಡದ ಮೇಲೆ ವಾಪಸು ಕೊಡು, ನಾನು ಸಂಜೆಗೆ ಇನ್ನೊಂದು ಹಡಗು ಹತ್ತಬೇಕು."

ಎಲ್ಡನ್ ಮನೆಯವರಿಗಿಂತ ಮುಂಚೆ ತಿಂಡಿಯ ಮಹಡಿ ಸೇರಿ, ಮೂಲೆಯ ಮೇಜು ಹಿಡಿದು, ಹೊಟ್ಟೆಯವರೆಗೆ ಮೇಜಿನ ಕೆಳಗೆ ಸರಿದು ಕುಳಿತ. ಕಿಟಕಿಯಾಚೆ ಟ್ಯಾಂಪಾ ಕೊಲ್ಲಿಯ ನೀರು ಹಾಲಿನ ಕೆನೆಯಂತೆ ಮಿಸುಕದೆ ಇತ್ತು. ಪೆಲಿಕನ್ನುಗಳು ಯಾವುದೋ ಯೋಚನೆಯಲ್ಲಿದ್ದಂತೆ ಕಂಬಗಳ ಮೇಲೆ ಕೂತಿದ್ದವು. ಆ ಬೆಳಕಿನಲ್ಲಿ ಪ್ಯಾಂಟಿಲ್ಲದ ಮನುಷ್ಯನೂ ಕ್ಷಮೆಗೆ ಅರ್ಹನೆನಿಸುವಂತಿತ್ತು. ಅವನು ಸ್ವಲ್ಪ ಹೊತ್ತು ಅಲಾಸ್ಕಾಕ್ಕೆ ಹೋಗಿ ಬಂದ.

"ಬೇಗ ಬಂದ್ಬಿಟ್ಟಿದೀಯ!" ಮಾರ್ವಾ ತಾಯಿಯ ಕೈಹಿಡಿದು ಬಂದಳು. ಹಿಂದೆ ವರ್ಲೀನ್. ಅವಳ ಗಂಡ ಕ್ಲಿಂಟ್ ನೇರ ಹುರಿದ ಹಂದಿಮಾಂಸದ ತಟ್ಟೆಯತ್ತ ನಡೆದ. ಮಾತಿಗಿಂತ ಅದು ಅವನಿಗೆ ಇಷ್ಟ.

"ಎಲ್ಡನ್, ಎದ್ದು ಅಮ್ಮನಿಗೊಂದು ಕಾಫಿ ತಂದ್ಕೊಡು," ಎಂದಳು ವರ್ಲೀನ್.

"ಅದು... ಕಾಲು ಜೋಮು ಹಿಡಿದಿದೆ ಅತ್ತಿಗೆ."

"ಕೂತು ಎಷ್ಟು ಹೊತ್ತಾಯ್ತು ಜೋಮು ಹಿಡಿಯೋಕೆ?"

"ಬಿಡೇ, ನಾನೇ ತರ್ತೀನಿ," ಎಂದು ಮಾರ್ವಾ ಎದ್ದಳು. ಎಲ್ಡನ್ ನೆಮ್ಮದಿಯಿಂದ ಉಸಿರೆಳೆದ. ದೀರ್ಘವಾಗಿ. ಟಪ್ಪೆಂದು ಒಂದು ಗಿಳಿ ಹಾರಿತು.

"ಏನದು?" ಬರ್ನೀಸ್ ಕಿವಿ ಮುಂದೆ ಮಾಡಿದಳು.

"ನನ್ನ ಮಂಡಿ, ಅತ್ತೆ."

"ಮಂಡಿ ಪ್ಲಾಸ್ಟಿಕ್ ಥರ ಸದ್ದು ಮಾಡ್ತಲ್ಲಪ್ಪ," ಎಂದು ವರ್ಲೀನ್ ಮೇಜಿನ ಕೆಳಗೆ ಬಗ್ಗಲು ಹೊರಟಳು. ಎಲ್ಡನ್ ಕರವಸ್ತ್ರ ಹರವಿ ತಿಮಿಂಗಿಲಗಳನ್ನು ಮುಚ್ಚಿದ. ಅಷ್ಟರಲ್ಲಿ ಕಿತ್ತಳೆರಸದ ಲೋಟ ಹಿಡಿದು ಓಪಲ್ ಪಕ್ಕದಲ್ಲೇ ಹಾದುಹೋದಳು.

"ಹೇಗಿದಾನೆ ಕಂದಾ, ನಮ್ಮ ಥರ್ಮಂಡ್? ಜಾರಿಗೀರಿ ಹೋಗ್ತಿಲ್ಲ ತಾನೇ?"

"ಇಲ್ಲ, ಜೊತೇಲೇ ಇದಾನೆ," ಎಂದ ಎಲ್ಡನ್.

ವರ್ಲೀನ್ ಬಗ್ಗಿದ್ದನ್ನು ಮರೆತು ನೆಟ್ಟಗಾದಳು. "ಯಾರು ಥರ್ಮಂಡ್?"

"ಒಬ್ಬ... ಪರಿಚಯ. ಇವತ್ತೇ ಆಗಿದ್ದು."

"ಹದಿನೈದು ಮಹಡಿ ಹಡಗಲ್ಲಿ ಕೊನೇ ದಿನ ಒಬ್ಬ ಸ್ನೇಹಿತ ಸಿಕ್ಕಿದನಾ ನಿನಗೆ! ಪಾಪ, ಏನು ಮಾಡ್ತಾನಂತೆ?"

"ಹೆಚ್ಚೇನಿಲ್ಲ. ಈಗ ವಿಶ್ರಾಂತಿ."

ಬರ್ನೀಸ್ ಕಾಫಿ ಹೀರುತ್ತ ಅಳಿಯನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, "ಇರಲಿ, ಕೆಳಗಿಳಿದ ಮೇಲೆ ಹೇಳ್ತೀನಿ" ಎಂದಳು.

"ನೀವು ನಿಧಾನಕ್ಕೆ ಮುಗಿಸಿ ಬನ್ನಿ. ಪೆಟ್ಟಿಗೆ ಹುಡುಕಿಡೋಕೆ ನಾನು ಮುಂದೆ ಹೋಗಿರ್ತೀನಿ," ಎಂದ ಎಲ್ಡನ್. ಅವರು ಮೊಟ್ಟೆ ತರಲು ಸಾಲಿನತ್ತ ತಿರುಗಿದ್ದೇ ತಡ, ಗೋಡೆಗೆ ಬೆನ್ನು ಸವರುತ್ತ ಏಡಿಯಂತೆ ಹೊರಬಿದ್ದ.

ಬಂದರಿನ ಹಜಾರ ಕಂಡು ಅವನು ಬಾಗಿಲಲ್ಲೇ ನಿಂತ. ಕರಿಯ ಪೆಟ್ಟಿಗೆಗಳ ಸಮುದ್ರ. ಗುರುತಿಗೆಂದು ತನ್ನದಕ್ಕೆ ಅವನು ಕೆಂಪು ರಿಬ್ಬನ್ನು ಕಟ್ಟಿದ್ದ. ಆ ಉಪಾಯವನ್ನು ಎಲ್ಲೋ ಓದಿ ಕಲಿತಿದ್ದ. ಉಳಿದವರೂ ಅಲ್ಲೇ ಓದಿದ್ದರು. ಕಣ್ಣು ಹಾಯುವಷ್ಟು ದೂರ ಕೆಂಪು ರಿಬ್ಬನ್ನುಗಳು ತಂಗಾಳಿಗೆ ತಲೆದೂಗುತ್ತಿದ್ದವು. ಒಂದು ಕೈಯಲ್ಲಿ ಥರ್ಮಂಡನ ಸೊಂಟ, ಇನ್ನೊಂದು ಕೈಯಲ್ಲಿ ಪೆಟ್ಟಿಗೆಗಳ ಹೆಸರುಚೀಟಿ. ಎಲ್ಡನ್ ಹೂದೋಟದಲ್ಲಿ ದಾರಿತಪ್ಪಿದ ದುಂಬಿಯಂತೆ ಒಂದರಿಂದ ಒಂದಕ್ಕೆ ಬಗ್ಗಿ ಬಗ್ಗಿ ನೋಡಿದ. ಬಗ್ಗಿದಾಗಲೆಲ್ಲ ಒಂದು ಗಿಳಿ ಹಾರಿತು.

"ರೀ, ಅದು ನನ್ನ ಪೆಟ್ಟಿಗೆ!" ಒಬ್ಬಾಕೆ ಕೂಗಿದಳು.

"ಕ್ಷಮಿಸಿ."

"ಅದೂ ನಮ್ಮದೇ!"

ಕಡೆಗೆ ತನ್ನದು ಸಿಕ್ಕಾಗ ಅವನಲ್ಲಿ ಒಂದೇ ಗಿಳಿ ಉಳಿದಿತ್ತು. ಪೆಟ್ಟಿಗೆಯನ್ನು ಎಳೆದುಕೊಂಡು ಶೌಚಾಲಯಕ್ಕೆ ಓಡಿದ. ಬೂದು ಪ್ಯಾಂಟು ಕಾಲಿಗೇರಿದಾಗ ಅವನಿಗೆ ಸ್ವಂತ ಊರು ಸೇರಿದಂತಾಯಿತು. ಮನೆಯವರ ಪೆಟ್ಟಿಗೆಗಳನ್ನೂ ಹುಡುಕಿ ಹೊರಗೆ ತಂದ. ರಸ್ತೆಬದಿಯಲ್ಲಿ ಕಾಯುತ್ತಿದ್ದ ಓಪಲ್‌ಗೆ ತಿಮಿಂಗಿಲಗಳನ್ನು ಮಡಚಿಕೊಟ್ಟು, ಕಣ್ತುಂಬಿ ಕೈಕುಲುಕಿದ. ಅವಳ ಟ್ಯಾಕ್ಸಿ ಮರೆಯಾಯಿತು, ಮನೆಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಎಲ್ಲರ ಪೆಟ್ಟಿಗೆಗಳೂ ಸಾಲಾಗಿ ನಿಲ್ಲುವಂತೆ ಮಾಡಿ, ಎಲ್ಡನ್ ಅವುಗಳ ಪಕ್ಕ ಗೆರೆ ಮುರಿಯದ ಪ್ಯಾಂಟಿನಲ್ಲಿ ನಿಂತ.

"ನೋಡು, ಒಂದೂ ತಪ್ಪಿಲ್ಲ," ಎಂದಳು ಬರ್ನೀಸ್ ಆಸರೆಗೆ ತಳ್ಳಿಕೊಂಡು ಬಂದ ಗಾಲಿಚೌಕಟ್ಟಿನ ಸೀಟಿನ ಮೇಲೆ ಕೂರುತ್ತ. "ಒಂದು ಪೆಟ್ಟಿಗೆ ಕಳೀಲಿಲ್ಲ. ಒಂದು ಊಟ ತಡ ಆಗ್ಲಿಲ್ಲ. ಯಾರಿಗೂ ಹೊಟ್ಟೆ ಕೆಡಲಿಲ್ಲ. ಇಂಥಾ ಪ್ರವಾಸ ನಾನು ಜನ್ಮದಲ್ಲಿ ಮಾಡಿಲ್ಲ ಎಲ್ಡನ್."

ಎಲ್ಡನ್‌ನ ಕಿವಿಯಲ್ಲಿ ದೂರದ ಮಂಜುಬೆಟ್ಟಗಳು ಮೆಲ್ಲಗೆ ನಿಟ್ಟುಸಿರಿಟ್ಟವು.

"ಅದಕ್ಕೇ," ಎಂದಳು ಬರ್ನೀಸ್, "ಮುಂದಿನ ವರ್ಷ ಕೆರೆ ಮನೆಗೇ ಹೋಗೋಣ. ವರ್ಲೀನೇ ನೋಡ್ಕೊಳ್ಲಿ."

ವರ್ಲೀನ್‌ಗೂ ಅರ್ಥವಾಗಲಿಲ್ಲ. "ಯಾಕಮ್ಮಾ?" ಎಂದಳು.

"ಭಾನುವಾರ ಚರ್ಚಲ್ಲಿ ಎಲ್ಲಾ ಸುತ್ತ ಕೂತ್ಕೊಂಡು 'ಹೇಗಿತ್ತು ಬರ್ನೀಸ್' ಅಂತಾರೆ. ಏನು ಹೇಳ್ಲಿ? 'ಚೆನ್ನಾಗಿತ್ತು' ಅಂತಲಾ? ಅಷ್ಟಕ್ಕೇ ಮುಗೀತಲ್ಲ! ಕ್ಲಿಂಟು ದೋಣಿ ಸಮೇತ ಮುಳುಗಿದ ವರ್ಷ ನಾನು ಕ್ರಿಸ್‌ಮಸ್‌ವರೆಗೂ ಹೇಳ್ಕೊಂಡು ನಕ್ಕೆ. ಮನೆಗೆ ಒಂದು ಕತೆನಾದ್ರೂ ಬೇಕು ಕಣಪ್ಪ. ನಿನ್ನ ಕೈಯಲ್ಲಿ ಏನೂ ಕೆಡಲ್ಲ. ನನ್ನ ವಯಸ್ಸಿಗೆ ಅದು ಸಾಲಲ್ಲ. ಯಾರಿಗಾದ್ರೂ, ಏನಾದ್ರೂ, ಒಂದು ಚೂರಾದ್ರೂ ಎಡವಟ್ಟಾಗಿದ್ರೆ ನಿನಗೇ ಕೊಡ್ತಿದ್ದೆ."

ಎಲ್ಡನ್ ಒಂದು ಹೆಜ್ಜೆ ಮುಂದೆ ಬಂದ. ಆಕೆಗೆ ಬೇಕಾದದ್ದು ಅವನ ನಾಲಗೆಯ ತುದಿಯಲ್ಲೇ ಇತ್ತು. ಆನೆಯೂ, ತಿಮಿಂಗಿಲವೂ, ಗಿಳಿಗಳೂ ಸೇರಿ ಒಂದು ಪ್ರಾಣಿಸಂಗ್ರಹಾಲಯವೇ ಇತ್ತು.

"ಅತ್ತೆ, ಇವತ್ತು ಬೆಳಿಗ್ಗೆ..." ಎಂದ.

ವರ್ಲೀನ್ ಸರ್ರನೆ ತಿರುಗಿದಳು. ಅವಳ ಕಣ್ಣು ಹಬ್ಬದ ದೀಪದಂತೆ ಹತ್ತಿಕೊಂಡವು. "ಏನಾಯ್ತು ಬೆಳಿಗ್ಗೆ?"

ಆ ಕಣ್ಣಿನಲ್ಲಿ ಎಲ್ಡನ್ ಮುಂದಿನದನ್ನೆಲ್ಲ ನೋಡಿದ. ಅಲಾಸ್ಕಾ ಸಿಗುತ್ತದೆ. ಹಡಗಿನ ಅಂಚಿನಲ್ಲಿ ಅವನು ಕಂಬಳಿ ಹೊದ್ದು ಕೂರುತ್ತಾನೆ. ನೀಲಿ ಮಂಜಿನ ಬೆಟ್ಟ ಎದುರಿಗೆ ಬರುತ್ತದೆ. ಆಗ ಪಕ್ಕದಿಂದ ವರ್ಲೀನ್, ಗುರುತಿಲ್ಲದ ಯಾರದೋ ತೋಳು ಹಿಡಿದು, "ನೋಡಿ, ಇವನೇ ಅವನು" ಎಂದು ಶುರುಮಾಡುತ್ತಾಳೆ. ಪ್ರತಿ ಊಟದಲ್ಲಿ, ಪ್ರತಿ ಬಂದರಿನಲ್ಲಿ. ಸಲಸಲಕ್ಕೂ ಟವೆಲು ಚಿಕ್ಕದಾಗುತ್ತ ಹೋಗುತ್ತದೆ. ವಾರ ಮುಗಿಯುವಷ್ಟರಲ್ಲಿ ಅದೂ ಇರುವುದಿಲ್ಲ. ಆ ಬೆಟ್ಟಗಳ ನಡುವೆ ಒಂದು ಗಳಿಗೆಯ ಮೌನವೂ ಅವನಿಗೆ ಉಳಿಯುವುದಿಲ್ಲ.

"ಹೇಳೋ, ಏನಾಯ್ತು?" ಎಂದು ಮಾರ್ವಾ ತೋಳು ಮುಟ್ಟಿದಳು.

"ಏನಿಲ್ಲ," ಎಂದ ಎಲ್ಡನ್. "ಸಮುದ್ರ ತುಂಬಾ ಚೆನ್ನಾಗಿ ಕಾಣ್ತಿತ್ತು."

"ಕೇಳಿದ್ರಾ?" ಎಂದು ಬರ್ನೀಸ್ ಕೈಚೆಲ್ಲಿದಳು. "ಇದನ್ನ ತಗೊಂಡು ನಾನು ಚರ್ಚಲ್ಲಿ ಏನು ಮಾಡ್ಲಿ?"

ವ್ಯಾನು ಬಂತು. ಎಲ್ಡನ್ ಪೆಟ್ಟಿಗೆಗಳನ್ನು ಒಂದೊಂದಾಗಿ ಏರಿಸಿ, ಕಿಟಕಿಯ ಪಕ್ಕ ಕುಳಿತ. ಮುಂದಿನ ಸೀಟಿನಲ್ಲಿ ವರ್ಲೀನ್ ಆಗಲೇ ಸೋರುವ ದೋಣಿಗೆ ತೇಪೆ ಹಾಕುವ ಕೆಲಸವನ್ನು ಅವನಿಗೆ ಹಂಚುತ್ತಿದ್ದಳು. ಹೊರಗೆ ಹಡಗು ಬಿಳಿಯ ಮೋಡದ ತುಂಡಿನಂತೆ ನೀರಿನ ಮೇಲೆ ನಿಂತು, ಹೊಸ ಜನರಿಗಾಗಿ ಕಾಯುತ್ತಿತ್ತು. ಅವನು ಅದು ಮರೆಯಾಗುವವರೆಗೂ ನೋಡಿದ. ಆಮೇಲೆ, ಇದನ್ನು ಮಾರ್ವಾಗೂ ಹೇಳುವುದಿಲ್ಲ, ಯಾರಿಗೂ ಎಂದಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಪ್ಯಾಂಟಿನ ಗೆರೆಯನ್ನು ಬೆರಳಿನಿಂದ ಮೆಲ್ಲನೆ ತೀಡಿಕೊಂಡ.